ಹೊನ್ನಾವರದ ತಿಮ್ಮೋಜ: ನೌಕಾಬಲ, ವ್ಯಾಪಾರ ಮತ್ತು ರಾಯಭಾರ

ಕರ್ನಾಟಕದ ಚರಿತ್ರೆಯ ರಚನೆಯಲ್ಲಿ ಕೋಟೆ, ಕೆರೆ, ದೇವಾಲಯ, ಶಾಸನಗಳಿಗೆ ದೊರೆತಿರುವ ಸ್ಥಾನ ಕಡಲಿಗೆ ದೊರೆತಿಲ್ಲ. ವಿಜಯನಗರದ ಸೈನ್ಯವನ್ನು ಕುರಿತು ಬರೆದವರು ಆನೆ, ಕುದುರೆ, ಕಾಲಾಳುಗಳನ್ನು ವಿವರವಾಗಿ ಪರಿಶೀಲಿಸಿದ್ದಾರೆ. ಆ ಕುದುರೆಗಳನ್ನು ಹೊತ್ತು ತಂದ ಹಡಗುಗಳನ್ನೂ ಅವುಗಳಿಗೆ ಕಾವಲಾಗಿದ್ದವರನ್ನೂ ಕುರಿತ ಬರಹ ವಿರಳ. ಹದಿನಾರನೆಯ ಶತಮಾನದ ಆರಂಭದಲ್ಲಿ ಹೊನ್ನಾವರವನ್ನು ನೆಲೆಯಾಗಿ ಮಾಡಿಕೊಂಡಿದ್ದ ತಿಮ್ಮೋಜ ಈ ಕೊರತೆಗೆ ಒಂದು ಸ್ಪಷ್ಟ ನಿದರ್ಶನ. ಕನ್ನಡ ಬರಹಗಳಲ್ಲಿ ತಿಮ್ಮಯ್ಯ ಎಂದೂ ಕಾಣಿಸಿಕೊಳ್ಳುವ ಈತನನ್ನು ಪೋರ್ಚುಗೀಸ್ ಲೇಖಕರು ‘ತಿಮೋಜ’ ಎಂದು ಕರೆದರು. ಅವರ ಬರಹಗಳಲ್ಲಿ ಆತ ಒಮ್ಮೆ ಕಡಲ್ಗಳ್ಳ, ಮತ್ತೊಮ್ಮೆ ನೌಕಾಪಡೆಯ ನಾಯಕ, ಇನ್ನೊಮ್ಮೆ ಸಂಧಾನಕಾರ, ಮಗದೊಮ್ಮೆ ಕಂದಾಯದ ಗುತ್ತಿಗೆದಾರ. ಇವು ನಾಲ್ಕು ಬೇರೆ ಬೇರೆ ವೃತ್ತಿಗಳಲ್ಲ, ಅಂದಿನ ಕರಾವಳಿಯ ಒಂದೇ ಅಧಿಕಾರದ ಭಿನ್ನ ಮುಖಗಳು ಎಂಬುದನ್ನು ತಿಮ್ಮೋಜನ ಜೀವಿತದ ಘಟನೆಗಳು ತೋರಿಸಿಕೊಡುತ್ತವೆ.

ಆಕರಗಳ ಸ್ವರೂಪ

ತಿಮ್ಮೋಜನ ವಿಷಯದಲ್ಲಿ ದೊರೆಯುವ ಮುಖ್ಯ ಆಕರಗಳೆಲ್ಲ ಪೋರ್ಚುಗೀಸ್ ಭಾಷೆಯವು. ಬಾರೋಸ್, ಕಾಸ್ತಾನ್ಯೇದ, ಗಾಸ್ಪರ್ ಕೊರ್ರೆಯ ಇವರ ಇತಿಹಾಸ ಗ್ರಂಥಗಳು, ದುಆರ್ತೆ ಬಾರ್ಬೋಸನ ವಿವರಣೆ ಹಾಗೂ ಅಫೋನ್ಸೊ ದೆ ಆಲ್ಬುಕರ್ಕನ ಮಗ ಬ್ರಾಸ್ ಸಂಕಲಿಸಿ ೧೫೫೭ರಲ್ಲಿ ಪ್ರಕಟಿಸಿದ ‘ಕಾಮೆಂತಾರಿಯೋಸ್’ ಇವುಗಳಲ್ಲಿ ಪ್ರಮುಖವಾದವು. ಮಗ ತಂದೆಯ ಕೀರ್ತಿಗಾಗಿ ಸಿದ್ಧಪಡಿಸಿದ ಕಡೆಯ ಗ್ರಂಥದಲ್ಲಿ ತಿಮ್ಮೋಜ ಸಹಾಯಕನ ಸ್ಥಾನದಲ್ಲಿಯೇ ಉಳಿಯುವುದು ಸಹಜ. ಆದುದರಿಂದ ಈ ಆಕರಗಳು ಹೇಳುವ ಘಟನೆಗಳನ್ನು ಸ್ವೀಕರಿಸುವಾಗಲೂ ಅವು ಬಳಸುವ ವಿಶೇಷಣಗಳನ್ನು ಪರೀಕ್ಷಿಸಿ ನೋಡುವುದು ಅಗತ್ಯ.

ಹೊನ್ನಾವರದ ನೌಕಾ ಪರಂಪರೆ

ಶರಾವತಿ ನದಿಯು ಸಮುದ್ರವನ್ನು ಸೇರುವ ಸ್ಥಳದಲ್ಲಿರುವ ಹೊನ್ನಾವರಕ್ಕೆ ತಿಮ್ಮೋಜನಿಗಿಂತ ಬಹುಹಿಂದಿನಿಂದಲೇ ನೌಕಾಬಲದ ಪರಂಪರೆಯಿತ್ತು. ಕ್ರಿ.ಶ. ೧೩೪೦ರ ದಶಕದಲ್ಲಿ ಇಲ್ಲಿಗೆ ಬಂದ ಇಬ್ನ್ ಬತೂತ, ಊರಿನಲ್ಲಿ ಬಾಲಕಿಯರಿಗಾಗಿ ೧೩, ಬಾಲಕರಿಗಾಗಿ ೨೩ ಶಾಲೆಗಳಿದ್ದುದನ್ನು ದಾಖಲಿಸಿದ್ದಾನೆ. ಇಲ್ಲಿನ ಒಡೆಯ ಜಮಾಲುದ್ದೀನನ ಕಡಲಬಲಕ್ಕೆ ಮಲಬಾರಿನವರು ಅಂಜಿ ಕಪ್ಪ ಕೊಡುತ್ತಿದ್ದರೆಂದೂ, ಆತ ೫೨ ಹಡಗುಗಳೊಡನೆ ಸಂದಾಪುರದ, ಅಂದರೆ ಗೋವೆಯ, ಮೇಲೆ ಏರಿಹೋದನೆಂದೂ, ಆ ದಂಡಯಾತ್ರೆಯಲ್ಲಿ ತಾನೂ ಪಾಲ್ಗೊಂಡೆನೆಂದೂ ಆತ ಬರೆಯುತ್ತಾನೆ. ಹೊನ್ನಾವರದ ಹಡಗುಗಳು ಗೋವೆಯತ್ತ ಸಾಗಿದುದು ೧೫೧೦ರಲ್ಲಿ ಮೊದಲ ಬಾರಿಗೇನೂ ಅಲ್ಲವೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಬಾರ್ಬೋಸನು ಈ ಬಂದರಿನ ವ್ಯಾಪಾರವನ್ನು ವರ್ಣಿಸಿದ್ದಾನೆ. ಮಲಬಾರಿನವರು ತೆಂಗಿನಕಾಯಿ, ಕೊಬ್ಬರಿ ಎಣ್ಣೆ, ಬೆಲ್ಲಗಳನ್ನು ತಂದು ಇಲ್ಲಿಂದ ಅಕ್ಕಿಯನ್ನು ತುಂಬಿಕೊಂಡು ಹೋಗುತ್ತಿದ್ದರು. ಈ ನದಿಯಲ್ಲಿ ತಿಮ್ಮೋಜ ಮತ್ತು ರಾವೋಜಿ ಎಂಬ ಇಬ್ಬರು ಕಡಲ್ಗಳ್ಳರಿದ್ದರೆಂದೂ, ಮಲಬಾರಿನವರ ಹಡಗುಗಳನ್ನು ಬಿಟ್ಟು ಉಳಿದವುಗಳನ್ನು ಅವರು ಹಿಡಿಯುತ್ತಿದ್ದರೆಂದೂ ಆತ ಹೇಳುತ್ತಾನೆ. ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ತನ್ನ ಬಂದರಿಗೆ ಅಕ್ಕಿಯ ಗಿರಾಕಿಗಳಾಗಿ ಬರುವವರನ್ನು ಬಿಟ್ಟು ಉಳಿದವರನ್ನು ತಡೆಯುವುದು ಕೇವಲ ಲೂಟಿಯಲ್ಲ. ಅದರ ಹಿಂದೆ ವ್ಯಾಪಾರನೀತಿಯೊಂದಿದೆ.

ಕುದುರೆಯ ವ್ಯಾಪಾರ ಮತ್ತು ಕಡಲ ಕಾವಲು

ಈ ನೀತಿಯ ಮೂಲವಿರುವುದು ಕುದುರೆಯ ವ್ಯಾಪಾರದಲ್ಲಿ. ೧೪೭೨ರಲ್ಲಿ ಬಹಮನಿ ಮಂತ್ರಿ ಮಹಮೂದ್ ಗವಾನನು ಗೋವೆಯನ್ನು ಗೆದ್ದುಕೊಂಡ ಬಳಿಕ ವಿಜಯನಗರವು ಪಶ್ಚಿಮ ತೀರದ ಮುಖ್ಯ ಬಂದರೊಂದನ್ನು ಕಳೆದುಕೊಂಡಿತು. ಅರೇಬಿಯ, ಪರ್ಷಿಯಗಳಿಂದ ಬರುವ ಕುದುರೆಗಳಿಗೆ ಭಟ್ಕಳ, ಹೊನ್ನಾವರಗಳೇ ಆಧಾರವಾದವು. ೧೪೭೯ರಲ್ಲಿ ಭಟ್ಕಳದಲ್ಲಿ ಮುಸ್ಲಿಂ ವರ್ತಕರ ಮೇಲೆ ನಡೆದ ಹತ್ಯಾಕಾಂಡದ ನಂತರ ಬದುಕುಳಿದವರು ಗೋವೆಯನ್ನು ಆಶ್ರಯಿಸಿದುದರಿಂದ ಆ ಬಂದರು ಇನ್ನಷ್ಟು ಬಲಗೊಂಡಿತೆಂದು ಬಾರೋಸ್ ತಿಳಿಸುತ್ತಾನೆ. ಗೋವೆಗೆ ಹೋಗುವ ಕುದುರೆಯ ಹಡಗುಗಳನ್ನು ತಡೆದು ತಮ್ಮ ಬಂದರುಗಳತ್ತ ತಿರುಗಿಸುವಂತೆ ವಿಜಯನಗರದ ಅರಸನು ಕರಾವಳಿಯ ಸಾಮಂತರಿಗೆ ಆಜ್ಞಾಪಿಸಿದನೆಂಬ ಸಂಗತಿಯೂ ಆತನಿಂದಲೇ ತಿಳಿದುಬರುತ್ತದೆ.

ಈ ಹಿನ್ನೆಲೆಯಲ್ಲಿ ನೋಡಿದಾಗ ತಿಮ್ಮೋಜನ ‘ಕಡಲ್ಗಳ್ಳತನ’ದ ಅರ್ಥ ಬದಲಾಗುತ್ತದೆ. ಗೇರುಸೊಪ್ಪೆ, ಹೊನ್ನಾವರಗಳ ಅರಸರ ಆಶ್ರಯದಲ್ಲಿ ಆತ ನಡೆಸುತ್ತಿದ್ದುದು ಕುದುರೆಯ ಮಾರ್ಗದ ಕಾವಲು. ಹಿಡಿದ ಹಡಗಿನ ಸರಕು ಆ ಕಾವಲಿನ ಸಂಬಳ. ಭಂಡಾರದಿಂದ ವೇತನ ಪಡೆಯುವ ನೌಕಾಪಡೆಯಿಲ್ಲದ ರಾಜ್ಯಕ್ಕೆ ಇದೊಂದೇ ಸಾಧ್ಯವಾದ ವ್ಯವಸ್ಥೆಯಾಗಿತ್ತು. ಈ ವ್ಯಾಪಾರದ ಪ್ರಮಾಣವೂ ಅಲ್ಪವಾದುದಲ್ಲ. ವಿಜಯನಗರದ ಅರಸನು ವರ್ಷಕ್ಕೆ ಹದಿಮೂರು ಸಾವಿರ ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ನೂನಿಜ್ ಬರೆದಿದ್ದಾನೆ.

ಶತ್ರುತ್ವದಿಂದ ಸಂಧಾನಕ್ಕೆ

ಪೋರ್ಚುಗೀಸರೊಡನೆ ತಿಮ್ಮೋಜನ ಮೊದಲ ಭೇಟಿ ಯುದ್ಧದ ರೂಪದಲ್ಲಿತ್ತು. ೧೪೯೮ರಲ್ಲಿ ವಾಸ್ಕೊ ದ ಗಾಮನ ಹಡಗುಗಳು ಅಂಜದೀವದಲ್ಲಿ ತಂಗಿದ್ದಾಗ, ಎಂಟು ನಾವೆಗಳನ್ನು ಒಂದಕ್ಕೊಂದು ಬಿಗಿದು ಮರದ ಕೊಂಬೆಗಳಿಂದ ಮುಚ್ಚಿ ಆತ ಸಮೀಪಿಸಿದನೆಂದೂ, ಫಿರಂಗಿಯ ಹೊಡೆತಕ್ಕೆ ಹಿಮ್ಮೆಟ್ಟಿದನೆಂದೂ ಪೋರ್ಚುಗೀಸ್ ಇತಿಹಾಸಕಾರರು ಹೇಳುತ್ತಾರೆ. ೧೫೦೫ರಲ್ಲಿ ವೈಸ್‌ರಾಯ್ ಫ್ರಾನ್ಸಿಸ್ಕೊ ದೆ ಅಲ್ಮೇದನು ಅಂಜದೀವದಲ್ಲಿ ಕೋಟೆ ಕಟ್ಟಿಸಿ ಅಕ್ಟೋಬರ್ ತಿಂಗಳಲ್ಲಿ ಹೊನ್ನಾವರದ ಮೇಲೆ ದಾಳಿಮಾಡಿ, ನದಿಯಲ್ಲಿದ್ದ ಹಡಗುಗಳನ್ನು ಸುಡಿಸಿದನು. ಈ ಸಂದರ್ಭದಲ್ಲಿ ಹೊನ್ನಾವರದ ಪರವಾಗಿ ಮಾತುಕತೆಗೆ ಬಂದವನು ತಿಮ್ಮೋಜನೇ.

ಏಳು ವರ್ಷಗಳ ಅಂತರದಲ್ಲಿ ನಡೆದ ಈ ಬದಲಾವಣೆಯನ್ನು ಅವಕಾಶವಾದವೆಂದು ತಳ್ಳಿಹಾಕುವುದು ಸರಿಯಲ್ಲ. ಫಿರಂಗಿಯುಳ್ಳ ಎತ್ತರದ ಹಡಗುಗಳನ್ನು ತನ್ನ ಲಘು ನಾವೆಗಳಿಂದ ಎದುರಿಸಲಾಗದೆಂಬುದನ್ನು ಆತ ಎರಡು ಬಾರಿ ಕಣ್ಣಾರೆ ಕಂಡಿದ್ದನು. ಸೋಲಿಸಲಾಗದ ಬಲವನ್ನು ತನ್ನ ಹಳೆಯ ಎದುರಾಳಿಯಾದ ಗೋವೆಯತ್ತ ತಿರುಗಿಸುವುದು ಆತನ ಮುಂದಿನ ಯೋಜನೆಯಾಯಿತು.

೧೫೧೦ರ ಗೋವೆಯ ಪ್ರಸಂಗ

೧೫೧೦ರ ಫೆಬ್ರವರಿಯಲ್ಲಿ ಆಲ್ಬುಕರ್ಕನು ಕೆಂಪು ಸಮುದ್ರದ ಕಡೆಗೆ ಹೊರಟಿದ್ದನು. ಮಿರ್ಜಾನ್ ಬಳಿ ಆತನನ್ನು ಕಂಡ ತಿಮ್ಮೋಜನು, ದೀವ್ ಕದನದಲ್ಲಿ ಸೋತು ಉಳಿದ ರೂಮಿಗಳು ಗೋವೆಯಲ್ಲಿ ಹೊಸ ಹಡಗುಗಳನ್ನು ಸಿದ್ಧಪಡಿಸುತ್ತಿರುವರೆಂದೂ, ಆದಿಲಶಾಹಿಯ ರಕ್ಷಣೆ ದುರ್ಬಲವಾಗಿದೆಯೆಂದೂ, ಗೋವೆಯ ಜನ ತೆರಿಗೆಯ ಭಾರದಿಂದ ಬೇಸತ್ತಿರುವರೆಂದೂ ತಿಳಿಸಿದನು. ಗೂಢಚಾರಿಕೆ, ಯುದ್ಧತಂತ್ರ, ರಾಜನೀತಿ ಮೂರೂ ಈ ಒಂದೇ ಸಲಹೆಯಲ್ಲಿ ಅಡಕವಾಗಿದ್ದವು. ಪೋರ್ಚುಗೀಸ್ ತುಕಡಿಯೊಂದು ಪಣಜಿಯ ಕೋಟೆಯನ್ನು ಹಿಡಿದರೆ, ಎದುರು ದಡದ ಬಾರ್ದೇಸಿನ ರಕ್ಷಣಾನೆಲೆಯ ಮೇಲೆ ಬಿದ್ದವನು ತಿಮ್ಮೋಜ. ಫೆಬ್ರವರಿ ೧೭ರ ವೇಳೆಗೆ ನಗರವು ಹೆಚ್ಚಿನ ಪ್ರತಿರೋಧವಿಲ್ಲದೆ ಶರಣಾಯಿತು.

ನಗರವನ್ನು ತನ್ನ ವಶಕ್ಕೆ ಬಿಟ್ಟರೆ ವಾರ್ಷಿಕ ಕಪ್ಪ ಸಲ್ಲಿಸುವುದಾಗಿ ತಿಮ್ಮೋಜ ನಿರೀಕ್ಷಿಸಿದ್ದನು. ಆಲ್ಬುಕರ್ಕನು ಇದಕ್ಕೆ ಒಪ್ಪದೆ, ಸುತ್ತಲಿನ ಭೂಪ್ರದೇಶದ ಕಂದಾಯದ ಗುತ್ತಿಗೆಯನ್ನೂ ಸ್ಥಳೀಯ ಹಿಂದೂ ಜನರ ಮೇಲಿನ ಆಡಳಿತಾಧಿಕಾರವನ್ನೂ ಕೊಟ್ಟನು. ವ್ಯಾಪಾರಕ್ಕೆ ನಾಣ್ಯದ ಅಭಾವ ಉಂಟಾದಾಗ ಟಂಕಸಾಲೆಯನ್ನು ತೆರೆಯಬೇಕೆಂದು ಊರ ಪ್ರಮುಖರೊಡನೆ ಹೋಗಿ ಕೇಳಿದವರಲ್ಲಿ ತಿಮ್ಮೋಜನೂ ಇದ್ದನೆಂದು ‘ಕಾಮೆಂತಾರಿಯೋಸ್’ ತಿಳಿಸುತ್ತದೆ. ದಾಳಿಯ ನಾಯಕನೇ ನಾಣ್ಯದ ಚಿಂತೆ ಮಾಡುವುದು ಆತನ ವರ್ತಕ ದೃಷ್ಟಿಗೆ ಸಾಕ್ಷಿ.

ಮೇ ತಿಂಗಳಲ್ಲಿ ಆದಿಲಶಾಹಿ ಸೈನ್ಯ ಗೋವೆಯನ್ನು ಮರಳಿ ಪಡೆಯಿತು. ಮಳೆಗಾಲದ ಕಾರಣ ಸಮುದ್ರಕ್ಕಿಳಿಯಲಾಗದೆ ಪೋರ್ಚುಗೀಸರು ಮಾಂಡೋವಿ ನದಿಯ ಹಡಗುಗಳಲ್ಲಿಯೇ ಆಗಸ್ಟ್‌ವರೆಗೆ ಹಸಿವಿನಿಂದ ದಿನ ಕಳೆಯಬೇಕಾಯಿತು. ನವೆಂಬರ್ ೨೫ರ ಎರಡನೆಯ ದಾಳಿಯಲ್ಲಿ ನಗರ ಮತ್ತೆ ಆಲ್ಬುಕರ್ಕನ ವಶವಾಯಿತು. ಈ ಬಾರಿ ತಿಮ್ಮೋಜನ ಪಡೆ ತಲುಪುವಷ್ಟರಲ್ಲಿ ಕದನ ಮುಗಿದಿತ್ತು.

ಪತನ

ಇಲ್ಲಿಂದ ಮುಂದೆ ತಿಮ್ಮೋಜನ ಪ್ರಾಮುಖ್ಯ ಕುಗ್ಗುತ್ತದೆ. ಭೂಪ್ರದೇಶದ ಆಡಳಿತವು ಹೊನ್ನಾವರದ ರಾಜಮನೆತನದ ಮಲ್ಹಾರರಾಯನಿಗೆ ಸಂದಿತು. ೧೫೧೧ರಲ್ಲಿ ಆದಿಲಶಾಹಿ ಸೈನ್ಯದೆದುರು ಸೋತ ಮಲ್ಹಾರರಾಯನೂ ತಿಮ್ಮೋಜನೂ ವಿಜಯನಗರದಲ್ಲಿ ಆಶ್ರಯ ಪಡೆದರು. ತಿಮ್ಮೋಜ ಅಲ್ಲಿಯೇ ತೀರಿಕೊಂಡನೆಂದು ಪೋರ್ಚುಗೀಸ್ ಕಥನಗಳು ಹೇಳುತ್ತವೆ.

ಪೋರ್ಚುಗೀಸರಿಗೆ ತಿಮ್ಮೋಜನಿಂದ ಬೇಕಾಗಿದ್ದುದು ತೀರದ ಜ್ಞಾನ: ಅಳಿವೆಗಳ ಆಳ, ಗಾಳಿಯ ಕಾಲ, ಕೋಟೆಗಳ ದೌರ್ಬಲ್ಯ, ಕಂದಾಯದ ಲೆಕ್ಕ. ಇದು ಒಮ್ಮೆ ಕೈವಶವಾದ ಮೇಲೆ ಆತನ ಅಗತ್ಯ ಕಡಿಮೆಯಾಯಿತು. ಗೋವೆಯು ವಿಜಯನಗರಕ್ಕೆ ಅನುಕೂಲವಾದ ಕೈಗಳಲ್ಲಿ ಉಳಿಯಬೇಕೆಂಬುದು ಆತನ ಲೆಕ್ಕಾಚಾರವಾಗಿದ್ದರೆ, ಅದು ಅರ್ಧ ಮಾತ್ರ ಫಲಿಸಿತು. ಆಲ್ಬುಕರ್ಕನು ೧೫೧೦ರಲ್ಲಿ ಫ್ರಾ ಲೂಯಿಸ್ ಎಂಬ ಪಾದ್ರಿಯನ್ನು ಕೃಷ್ಣದೇವರಾಯನ ಬಳಿಗೆ ಕಳುಹಿಸಿ ಕುದುರೆಗಳ ಆಸೆ ತೋರಿಸಿದನು. ಅಲ್ಲಿಂದ ಮುಂದೆ ಮಾತುಕತೆ ನಡೆದುದು ಗೋವೆ ಮತ್ತು ರಾಜಧಾನಿಗಳ ನಡುವೆ ನೇರವಾಗಿ; ಹೊನ್ನಾವರದ ಮಧ್ಯಸ್ಥಿಕೆ ಬೇಕಾಗಲಿಲ್ಲ. ೧೫೪೭ರ ಒಪ್ಪಂದದ ವೇಳೆಗೆ ಕುದುರೆಯ ವ್ಯಾಪಾರದ ಕೀಲಿಕೈ ಪೋರ್ಚುಗೀಸರಲ್ಲಿತ್ತು. ೧೫೬೯ರಲ್ಲಿ ಹೊನ್ನಾವರದ ಕೋಟೆಯೇ ಅವರ ವಶವಾಯಿತು.

ಮೌಲ್ಯಮಾಪನ

ತಿಮ್ಮೋಜನನ್ನು ದೇಶದ್ರೋಹಿಯೆಂದಾಗಲಿ ವೀರನೆಂದಾಗಲಿ ಚಿತ್ರಿಸುವ ಎರಡೂ ನಿಲುವುಗಳು ಇಂದಿನ ರಾಷ್ಟ್ರಕಲ್ಪನೆಯನ್ನು ಅಂದಿನ ಕಾಲಕ್ಕೆ ಆರೋಪಿಸುತ್ತವೆ. ಆತನ ದೃಷ್ಟಿಯಲ್ಲಿ ಪರಕೀಯರು ಲಿಸ್ಬನ್ನಿನವರಷ್ಟೇ ಅಲ್ಲ, ಬಿಜಾಪುರದವರೂ ಹೌದು. ಆತನ ನಿಜವಾದ ದೌರ್ಬಲ್ಯ ಬೇರೆ. ಕಡಲಿನಲ್ಲಿ ಯುದ್ಧ, ವ್ಯಾಪಾರ, ಸಂಧಾನ ಮೂರನ್ನೂ ಏಕಕಾಲಕ್ಕೆ ನಿರ್ವಹಿಸಬಲ್ಲ ವ್ಯಕ್ತಿ ಕರಾವಳಿಯಲ್ಲಿದ್ದನು. ಆ ಸಾಮರ್ಥ್ಯವನ್ನು ಸಂಸ್ಥೆಯನ್ನಾಗಿ ಬೆಳೆಸಿ ಹಡಗು, ಫಿರಂಗಿ, ವೇತನಗಳ ಬೆಂಬಲ ಕೊಡುವ ರಾಜ್ಯ ಇರಲಿಲ್ಲ. ಆಲ್ಬುಕರ್ಕನ ಹಿಂದೆ ಇದ್ದುದು ಒಂದು ರಾಜ್ಯದ ನೌಕಾಡಳಿತ. ತಿಮ್ಮೋಜನ ಹಿಂದೆ ಇದ್ದುದು ಒಂದು ನದಿಯ ಬಂದರು. ಕರ್ನಾಟಕವು ತನ್ನ ಕಡಲನ್ನು ಕಳೆದುಕೊಂಡುದಕ್ಕೆ ಒಬ್ಬ ವ್ಯಕ್ತಿಯ ನಿಷ್ಠೆಗಿಂತ ಈ ಅಂತರವೇ ಮುಖ್ಯ ಕಾರಣ.

೨೦೦೫ರ ಮೇ ೩೧ರಂದು ಕಾರವಾರದ ಸಮೀಪ ಭಾರತೀಯ ನೌಕಾಪಡೆಯ ನೆಲೆಯಾದ ‘ಕದಂಬ’ ಕಾರ್ಯಾರಂಭ ಮಾಡಿತು. ತಿಮ್ಮೋಜನ ಎಂಟು ನಾವೆಗಳು ಹಿಮ್ಮೆಟ್ಟಿದ ಅಂಜದೀವ ದ್ವೀಪವೂ ಈ ನೆಲೆಯ ವ್ಯಾಪ್ತಿಗೆ ಸೇರಿದೆ. ಐದು ಶತಮಾನಗಳ ಹಿಂದೆ ಈ ತೀರಕ್ಕೆ ಇಲ್ಲದಿದ್ದ ಸಂಸ್ಥೆ ಇಂದು ಅಲ್ಲಿದೆ. ಅದಕ್ಕೆ ಮೊದಲು ಇಲ್ಲಿನ ಕಡಲನ್ನು ಕಾಯ್ದವರ ಚರಿತ್ರೆಯನ್ನು ಗೇರುಸೊಪ್ಪೆ, ಹಾಡುವಳ್ಳಿ, ಭಟ್ಕಳಗಳ ಶಾಸನಗಳೊಡನೆ ಪೋರ್ಚುಗೀಸ್ ದಾಖಲೆಗಳನ್ನು ತಾಳೆನೋಡಿ ಕನ್ನಡದಲ್ಲಿ ಸಮಗ್ರವಾಗಿ ರಚಿಸುವ ಕೆಲಸ ಸಂಶೋಧಕರ ಮುಂದಿದೆ.