ಕಟ್ಟಿಕೊಟ್ಟ ಬುತ್ತಿ ಎಷ್ಟು ದಿನ?

ಉಗಾಂಡದ ಇಂದಿನ ರಾಜಧಾನಿ ಕಂಪಾಲದ ಗುಡ್ಡವೊಂದರ ಮೇಲೆ ಬ್ರಿಟಿಷ್ ಆಡಳಿತ 1922ರಲ್ಲಿ ತಾಂತ್ರಿಕ ಶಾಲೆಯೊಂದನ್ನು ತೆರೆಯಿತು. ಆಗ ಅಲ್ಲಿದ್ದವರು ಕೇವಲ 14 ವಿದ್ಯಾರ್ಥಿಗಳು. ಮರಗೆಲಸ, ಕಟ್ಟಡದ ಕೆಲಸ ಮತ್ತು ಯಂತ್ರಗಳ ಕೆಲಸ ಅವರ ಪಾಠಗಳಾಗಿದ್ದವು. ಮಕೆರೆರೆ ಎಂಬ ಆ ಶಾಲೆಯೇ ಬೆಳೆದು ಪೂರ್ವ ಆಫ್ರಿಕದ ಹೆಸರಾಂತ ವಿಶ್ವವಿದ್ಯಾಲಯವಾಯಿತು. ಹೊರಗಿನ ದಾನಿಗಳ ಹಣ ಆಫ್ರಿಕದಲ್ಲಿ ಏನು ಮಾಡಿತು, ಏನು ಮಾಡಲಾಗಲಿಲ್ಲ ಎಂಬುದಕ್ಕೆ ಅದರ ಚರಿತ್ರೆ ಒಳ್ಳೆಯ ಉದಾಹರಣೆ.

1963ರಲ್ಲಿ ಮಕೆರೆರೆ, ನೈರೋಬಿ ಹಾಗೂ ದಾರ್ ಎಸ್ ಸಲಾಮ್ ಕಾಲೇಜುಗಳು ಸೇರಿ ಪೂರ್ವ ಆಫ್ರಿಕ ವಿಶ್ವವಿದ್ಯಾಲಯ ಹುಟ್ಟಿಕೊಂಡಿತು. ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನ ಅದೇ ವರ್ಷ ವಿಶ್ವವಿದ್ಯಾಲಯಗಳ ಅಭಿವೃದ್ಧಿಗೆಂದೇ ಯೋಜನೆಯೊಂದನ್ನು ಆರಂಭಿಸಿ, ಇದಕ್ಕೂ ನೈಜೀರಿಯದ ಇಬಾದಾನ್ ವಿಶ್ವವಿದ್ಯಾಲಯಕ್ಕೂ ನೆರವಾಯಿತು. ವಿದೇಶದ ಪ್ರಾಧ್ಯಾಪಕರು ಬಂದು ಪಾಠ ಮಾಡುವುದು, ಅಷ್ಟರಲ್ಲಿ ಸ್ಥಳೀಯ ತರುಣರು ವಿದ್ಯಾರ್ಥಿವೇತನದ ಮೇಲೆ ವಿದೇಶದಲ್ಲಿ ಓದಿ ಬಂದು ಅವರ ಜಾಗ ತುಂಬುವುದು ಯೋಜನೆಯ ತಿರುಳು.

ಉದ್ದೇಶ ಒಳ್ಳೆಯದೇ. ಆದರೆ ಹೀಗೆ ಬೆಳೆದ ವಿದ್ಯೆಯ ಕಣ್ಣು ಲಂಡನ್, ನ್ಯೂಯಾರ್ಕ್‌ಗಳತ್ತ ಇತ್ತು. ಗುಡ್ಡದ ಕೆಳಗಿನ ರೈತ ಅದಕ್ಕೆ ದೂರದವನಾಗಿಯೇ ಉಳಿದ. 1970ರಲ್ಲಿ ಮೂರೂ ಕಾಲೇಜುಗಳು ಬೇರೆ ಬೇರೆ ವಿಶ್ವವಿದ್ಯಾಲಯಗಳಾದವು. ಮರುವರ್ಷ ಉಗಾಂಡದಲ್ಲಿ ಇದಿ ಅಮೀನ್ ಅಧಿಕಾರ ಹಿಡಿದ. ಅವನ ಆಳ್ವಿಕೆಯಲ್ಲಿ ಅಧ್ಯಾಪಕರು ದೇಶ ಬಿಟ್ಟರು. 1980ರ ದಶಕದಲ್ಲಿ ವಿಶ್ವಬ್ಯಾಂಕ್ ಉನ್ನತ ಶಿಕ್ಷಣಕ್ಕಿಂತ ಪ್ರಾಥಮಿಕ ಶಿಕ್ಷಣಕ್ಕೆ ಒತ್ತು ಕೊಟ್ಟಿತು. ಖಂಡದ ಅನೇಕ ವಿಶ್ವವಿದ್ಯಾಲಯಗಳು ಸೊರಗಿದವು.

ಪಾಠ ಕಲಿತ ರಾಕ್‌ಫೆಲ್ಲರ್ ಪ್ರತಿಷ್ಠಾನ 1992ರಲ್ಲಿ ಬೇರೆ ದಾರಿ ಹಿಡಿಯಿತು. ಉಗಾಂಡ, ಕೀನ್ಯ, ಮಲಾವಿ, ಮೊಜಾಂಬಿಕ್ ಮತ್ತು ಜಿಂಬಾಬ್ವೆಗಳ ಕೃಷಿ ವಿಭಾಗಗಳಿಗೆ ಹಣ ಕೊಟ್ಟಿತು. ಸ್ನಾತಕೋತ್ತರ ವಿದ್ಯಾರ್ಥಿಗಳು ತಮ್ಮ ನಾಡಿನ ರೈತರ ಸಮಸ್ಯೆಗಳನ್ನೇ ಸಂಶೋಧನೆಗೆ ಎತ್ತಿಕೊಳ್ಳಬೇಕಿತ್ತು. 2004ರಲ್ಲಿ ಈ ಐದು ದೇಶಗಳ 10 ವಿಶ್ವವಿದ್ಯಾಲಯಗಳು ಆ ಕಾರ್ಯಕ್ರಮವನ್ನು ತಮ್ಮ ಕೈಗೇ ತೆಗೆದುಕೊಂಡು 'ರುಫೋರಂ' ಎಂಬ ಒಕ್ಕೂಟ ಕಟ್ಟಿಕೊಂಡವು. ಅದರ ಕಚೇರಿ ಇರುವುದು ಮಕೆರೆರೆಯಲ್ಲೇ. ಇಂದು ಅದರ ಸದಸ್ಯ ವಿಶ್ವವಿದ್ಯಾಲಯಗಳ ಸಂಖ್ಯೆ 150 ದಾಟಿದೆ.

2000ದಿಂದ 2010ರವರೆಗೆ ಕಾರ್ನೆಗಿ, ಫೋರ್ಡ್, ಮೆಕಾರ್ಥರ್, ರಾಕ್‌ಫೆಲ್ಲರ್ ಮೊದಲಾದ ಪ್ರತಿಷ್ಠಾನಗಳು ಜೊತೆಗೂಡಿ ಒಂಬತ್ತು ದೇಶಗಳ ಉನ್ನತ ಶಿಕ್ಷಣಕ್ಕೆ ಸುಮಾರು 44 ಕೋಟಿ ಡಾಲರ್ ನೀಡಿದವು. ಇಂಟರ್‌ನೆಟ್ ದುಬಾರಿಯಾಗಿದ್ದ ಆ ದಿನಗಳಲ್ಲಿ ವಿಶ್ವವಿದ್ಯಾಲಯಗಳು ಉಪಗ್ರಹ ಸಂಪರ್ಕವನ್ನು ಚಿಲ್ಲರೆಯಾಗಿ ಕೊಳ್ಳದೆ ಒಟ್ಟಾಗಿ ಸಗಟಿನಲ್ಲಿ ಕೊಳ್ಳಲು ಈ ನೆರವು ದಾರಿ ಮಾಡಿತು.

ಘಾನಾದ ಪ್ರಯೋಗ ಇನ್ನೂ ಸ್ವಾರಸ್ಯಕರ. 2007ರಲ್ಲಿ ಘಾನಾ ವಿಶ್ವವಿದ್ಯಾಲಯವು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಜೊತೆಗೂಡಿ ಪಶ್ಚಿಮ ಆಫ್ರಿಕದ ಬೆಳೆಗಳ ಸುಧಾರಣಾ ಕೇಂದ್ರವನ್ನು ತೆರೆಯಿತು. ರಾಕ್‌ಫೆಲ್ಲರ್ ಮತ್ತು ಗೇಟ್ಸ್ ಪ್ರತಿಷ್ಠಾನಗಳು 2006ರಲ್ಲಿ ಹುಟ್ಟುಹಾಕಿದ 'ಅಗ್ರ' ಸಂಸ್ಥೆ ಅದಕ್ಕೆ ಹಣ ಕೊಟ್ಟಿತು. ಡಾಕ್ಟರೇಟ್ ವಿದ್ಯಾರ್ಥಿಗಳು ಮೊದಲು ಘಾನಾದಲ್ಲಿ ಪಾಠ ಕಲಿತು, ಸಂಶೋಧನೆಗೆ ಸ್ವದೇಶಕ್ಕೆ ಮರಳುತ್ತಾರೆ. ತಳಿಯನ್ನು ಇಳುವರಿಯಿಂದ ಮಾತ್ರ ಅಳೆದರೆ ಸಾಲದು. ಮರಗೆಣಸು ಬೇಯಿಸಿದಾಗ ಮೆತ್ತಗಾಗಿ ಕುಟ್ಟಲು ಬರದಿದ್ದರೆ ಫುಫು ಮುದ್ದೆ ಮಾಡುವ ಮನೆಯವರು ಅದನ್ನು ಮುಟ್ಟುವುದಿಲ್ಲ. ಈ ಸೂಕ್ಷ್ಮ ಹೊಲದ ಬದುವಿನಲ್ಲಿ ನಿಂತು ಕೇಳಿದವನಿಗಷ್ಟೇ ತಿಳಿದೀತು.

ಉತ್ತರ ಉಗಾಂಡದ ಗುಲು ವಿಶ್ವವಿದ್ಯಾಲಯ ಶುರುವಾದದ್ದು 2002ರಲ್ಲಿ, ಅಂತರ್ಯುದ್ಧದ ನಡುವೆ. ಯುದ್ಧ ತೀವ್ರವಾಗಿದ್ದಾಗ ಅಲ್ಲಿ ಸುಮಾರು 18 ಲಕ್ಷ ಜನ ಮನೆ ಬಿಟ್ಟು ಶಿಬಿರ ಸೇರಿದ್ದರು. ಹೊಲ ಮರೆತು ವರ್ಷಗಳೇ ಆಗಿದ್ದ ಕುಟುಂಬಗಳು ಊರಿಗೆ ಮರಳಿದಾಗ ಕೃಷಿ ವಿದ್ಯಾರ್ಥಿಗಳನ್ನು ರೈತರ ಮನೆಗಳ ಜೊತೆ ಜೋಡಿಸುವ ಪದ್ಧತಿ ಬೆಳೆಯಿತು. 2016ರಲ್ಲಿ ಮಾಸ್ಟರ್‌ಕಾರ್ಡ್ ಪ್ರತಿಷ್ಠಾನ ರುಫೋರಂ ಮೂಲಕ ಗುಲು ಮತ್ತು ಕೀನ್ಯದ ಎಗರ್ಟನ್ ವಿಶ್ವವಿದ್ಯಾಲಯಗಳಿಗೆ ನೆರವು ನೀಡಿತು.

ಹಾಗೆಂದು ಎಲ್ಲವೂ ಸರಿಹೋಯಿತೆಂದು ತಿಳಿಯಬೇಕಿಲ್ಲ. ಹಣ ಕೊಡುವವರೇ ಪ್ರಶ್ನೆಯನ್ನೂ ನಿರ್ಧರಿಸುತ್ತಾರೆ ಎಂಬ ಅಸಮಾಧಾನ ಹಳೆಯದು. ಆಫ್ರಿಕದ ರೈತ ಸಂಘಟನೆಗಳನ್ನೂ ಒಳಗೊಂಡ ಒಕ್ಕೂಟವೊಂದು 2021ರಲ್ಲಿ 'ಅಗ್ರ'ಗೆ ಹಣ ನಿಲ್ಲಿಸುವಂತೆ ದಾನಿಗಳನ್ನು ಕೇಳಿತು. ಕೊಳ್ಳುವ ಬೀಜ, ರಾಸಾಯನಿಕ ಗೊಬ್ಬರಗಳ ದಾರಿಯಿಂದ ಸಣ್ಣ ರೈತರಿಗೆ ಲಾಭವಾಗಿಲ್ಲ ಎಂಬುದು ಅದರ ವಾದ.

ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಎಷ್ಟು ದಿನ ಎನ್ನುತ್ತದೆ ನಮ್ಮ ಗಾದೆ. 1963ರ ಯೋಜನೆಯಲ್ಲಿ ಬುತ್ತಿ ದೊಡ್ಡದಿತ್ತು. 2004ರಲ್ಲಿ ವಿಶ್ವವಿದ್ಯಾಲಯಗಳು ಒಲೆಯನ್ನೇ ತಮ್ಮದಾಗಿಸಿಕೊಂಡವು. ಒಲೆಗೆ ಬೇಕಾದ ಸೌದೆಯನ್ನೂ ಅಲ್ಲಿನ ಸರ್ಕಾರಗಳು ಹೊಂದಿಸಿದರೆ ಮಾತ್ರ ದಾನಿ ಎದ್ದುಹೋದ ಮೇಲೂ ಅಡಿಗೆ ನಡೆದೀತು.