ಉಪಸ್ಥಾತೃ: ಔಷಧಪ್ರದಾನವೂ ಆತುರಾನುಶಾಸನವೂ

ವೈದ್ಯ, ಔಷಧ, ಪರಿಚಾರಕ, ರೋಗಿ ಎಂಬ ನಾಲ್ಕು ಪಾದಗಳ ಮೇಲೆ ಚಿಕಿತ್ಸೆಯು ನಿಂತಿರುವುದೆಂಬ ಮಾತು ಆಯುರ್ವೇದವನ್ನು ಓದಿದವರಿಗೂ ಓದದವರಿಗೂ ಪರಿಚಿತವಾದದ್ದೇ ಆಗಿದೆ. ಇವುಗಳಲ್ಲಿ ವೈದ್ಯನ ವಿಷಯವಾಗಿಯೂ ಔಷಧದ ವಿಷಯವಾಗಿಯೂ ಪ್ರಾಚೀನ ವ್ಯಾಖ್ಯಾತೃಗಳೂ ಆಧುನಿಕ ಚರಿತ್ರಕಾರರೂ ವಿಸ್ತಾರವಾಗಿ ಬರೆದಿರುವರು. ಮೂರನೆಯ ಪಾದನಾದ ಪರಿಚಾರಕನ ವಿಷಯದಲ್ಲಿ ಮಾತ್ರ ಎರಡು ಅಭಿಪ್ರಾಯಗಳು ವಿಮರ್ಶೆಯಿಲ್ಲದೆ ರೂಢಿಯಲ್ಲಿವೆ. ಅವನು ವೈದ್ಯನ ಕೈಯಂತೆ ಹೇಳಿದುದನ್ನು ಮಾಡತಕ್ಕ ಸೇವಕನೇ ಹೊರತು ಬೇರಲ್ಲವೆಂಬುದು ಒಂದು. ಇಂದಿನ ದಾದಿಯರ ವಿದ್ಯೆಯೆಲ್ಲವೂ ಅಂದೇ ನಮ್ಮಲ್ಲಿ ಸಿದ್ಧವಾಗಿತ್ತೆಂಬುದು ಮತ್ತೊಂದು. ಮೊದಲನೆಯದು ಒಂದೆರಡು ಶ್ಲೋಕಗಳನ್ನು ಮಾತ್ರ ನೋಡಿ ಆಡಿದ ಮಾತು. ಎರಡನೆಯದು ಯಾವ ಶ್ಲೋಕವನ್ನೂ ನೋಡದೆ ಆಡಿದ ಮಾತು. ಔಷಧವನ್ನು ರೋಗಿಯ ಬಾಯಿಗೆ ಮುಟ್ಟಿಸುವವನಿಗೆ ಎಷ್ಟು ತಿಳಿದಿರಬೇಕು, ರೋಗಿಗೆ ಅದರ ವಿಷಯವಾಗಿ ತಿಳಿಯಹೇಳುವ ಅಧಿಕಾರವು ಯಾರದು, ಎಂಬ ಎರಡು ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ಮೂಲಗ್ರಂಥಗಳನ್ನು ಪರಿಶೀಲಿಸುವುದು ಅವಶ್ಯಕವಾಗಿದೆ.

ಚರಕಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯದಲ್ಲಿ ಪ್ರತಿಯೊಂದು ಪಾದಕ್ಕೂ ನಾಲ್ಕು ನಾಲ್ಕು ಗುಣಗಳನ್ನು ಹೇಳಿದೆ. ಪರಿಚಾರಕನ ಗುಣಗಳು ಉಪಚಾರಜ್ಞತೆ, ದಾಕ್ಷ್ಯ, ಒಡೆಯನಲ್ಲಿ ಅನುರಾಗ, ಶೌಚ ಎಂಬಿವು. ಇಲ್ಲಿ ಜ್ಞಾನವು ಮೊದಲನೆಯದಾಗಿ ಬಂದಿರುವುದನ್ನು ಗಮನಿಸಬೇಕು. ಅದೇ ಅಧ್ಯಾಯದಲ್ಲಿ ವೈದ್ಯನೇ ಪ್ರಧಾನನೆಂದು ಸಾಧಿಸುವಾಗ ಕುಂಬಾರನಿಲ್ಲದೆ ಮಣ್ಣು, ಕೋಲು, ಚಕ್ರ, ದಾರಗಳು ಕೆಲಸಕ್ಕೆ ಬಾರವೆಂಬ ದೃಷ್ಟಾಂತವನ್ನು ಕೊಟ್ಟಿದೆ. ಪರಿಚಾರಕನು ಕೈಯ ಸಾಧನ ಮಾತ್ರವೆನ್ನುವವರಿಗೆ ಇದೇ ಮುಖ್ಯವಾದ ಆಧಾರ. ಆದರೆ ದೃಷ್ಟಾಂತವನ್ನು ಅದು ಹೇಳಲ್ಪಟ್ಟ ಉದ್ದೇಶಕ್ಕಿಂತ ಮುಂದಕ್ಕೆ ಎಳೆಯುವುದು ನ್ಯಾಯವಲ್ಲ. ಕರ್ತೃತ್ವವು ವೈದ್ಯನದೆಂದು ತೋರಿಸುವುದಷ್ಟೇ ಅಲ್ಲಿ ವಿವಕ್ಷಿತವಾದದ್ದು. ಕೋಲಿಗೂ ಚಕ್ರಕ್ಕೂ ಜ್ಞಾನವೊಂದು ಗುಣವೆಂದು ಯಾರೂ ಹೇಳಲಾರರು. ಪರಿಚಾರಕನಿಗೆ ಅದನ್ನೇ ಪ್ರಥಮಗುಣವಾಗಿ ಹೇಳಿದ ಗ್ರಂಥಕಾರನು ಅವನನ್ನು ಕೋಲೆಂದು ಬಗೆದಿರಲಾರನು.

ಸುಶ್ರುತಸಂಹಿತೆಯ ಪರಿಚಾರಕನು ಬೇರೆ ಬಗೆಯವನು. ಅವನು ಸ್ನೇಹವುಳ್ಳವನು, ಹೇಸದವನು, ಬಲಶಾಲಿ, ರೋಗಿಯ ರಕ್ಷಣೆಯಲ್ಲಿ ನಿರತನು, ವೈದ್ಯನ ಮಾತಿನಂತೆ ನಡೆಯುವವನು, ದಣಿವಿಲ್ಲದವನು. ಜ್ಞಾನದ ಹೆಸರೇ ಇಲ್ಲಿಲ್ಲ. ಇದರಿಂದ ಸುಶ್ರುತನ ಕಾಲಕ್ಕೆ ಪರಿಚಾರಕನ ಪದವಿ ಕುಂದಿತೆಂದು ಹೇಳಿಬಿಡುವುದು ಸುಲಭವಾದರೂ ಅದು ಸಮೀಚೀನವಾಗಿ ತೋರುವುದಿಲ್ಲ. ಸುಶ್ರುತತಂತ್ರವು ಶಲ್ಯಪ್ರಧಾನವಾದದ್ದು. ಶಸ್ತ್ರ, ಕ್ಷಾರ, ಅಗ್ನಿಕರ್ಮಗಳ ವೇಳೆಯಲ್ಲಿ ರೋಗಿಯನ್ನು ಅಲುಗದಂತೆ ಹಿಡಿಯುವುದಕ್ಕೆ ಬಲವೂ, ರಕ್ತಪೂಯಗಳನ್ನು ಕಂಡು ಹಿಂಜರಿಯದಿರುವುದಕ್ಕೆ ಜುಗುಪ್ಸೆಯಿಲ್ಲದ ಮನಸ್ಸೂ, ಶಸ್ತ್ರವು ಮೈಯಲ್ಲಿರುವಾಗ ವೈದ್ಯನ ಮಾತನ್ನು ಮೀರದ ವಿಧೇಯತೆಯೂ ಬೇಕಾಗುತ್ತವೆ. ಚರಕನು ನೋಡುತ್ತಿರುವುದು ಔಷಧವನ್ನು ಕುಡಿಸುವ ಮನೆಯನ್ನು. ಸುಶ್ರುತನು ನೋಡುತ್ತಿರುವುದು ಶಸ್ತ್ರದ ಮನೆಯನ್ನು. ಎರಡು ಲಕ್ಷಣಗಳ ಭೇದಕ್ಕೆ ಕಾಲಭೇದಕ್ಕಿಂತ ಕರ್ಮಭೇದವೇ ಉಚಿತವಾದ ಕಾರಣ.

ವಾಗ್ಭಟನ ಅಷ್ಟಾಂಗಹೃದಯದಲ್ಲಿ ಕಾಣುವ ವ್ಯತ್ಯಾಸವು ಮಾತ್ರ ಅಷ್ಟು ಸುಲಭವಾಗಿ ಪರಿಹಾರವಾಗುವಂಥದಲ್ಲ. ಅಲ್ಲಿ ಪರಿಚಾರಕನು ಅನುರಕ್ತ, ಶುಚಿ, ದಕ್ಷ, ಬುದ್ಧಿವಂತ. ಚರಕನಲ್ಲಿ ಮೊದಲಿದ್ದ ಉಪಚಾರಜ್ಞಾನವು ಸಾಮಾನ್ಯವಾದ ಬುದ್ಧಿಯಾಗಿ ಕಡೆಗೆ ಬಂದು ನಿಂತಿದೆ. ಛಂದಸ್ಸಿನ ಅನುಕೂಲಕ್ಕಾಗಿ ಕ್ರಮವು ಬದಲಾಗಿರಬಹುದೆಂದು ಬಿಡಬಹುದು. ರೋಗಿಯ ಗುಣಗಳಲ್ಲಿ ಆಗಿರುವ ಬದಲಾವಣೆಗೆ ಆ ಸಮಾಧಾನವೂ ಸಾಲದು. ಚರಕನು ರೋಗಿಗೆ ಸ್ಮೃತಿ, ಹೇಳಿದಂತೆ ನಡೆಯುವುದು, ಅಂಜದಿರುವುದು, ರೋಗವನ್ನು ತಿಳಿಸಬಲ್ಲ ಶಕ್ತಿ ಎಂಬ ನಾಲ್ಕನ್ನು ಹೇಳುತ್ತಾನೆ. ವಾಗ್ಭಟನಲ್ಲಿ ಉಳಿದ ಮೂರೂ ಒಂದಲ್ಲ ಒಂದು ರೂಪದಲ್ಲಿ ಉಳಿದಿವೆ. ಸ್ಮೃತಿ ಮಾತ್ರ ಹೋಗಿದೆ, ಅದರ ಸ್ಥಾನದಲ್ಲಿ ಧನವು ಬಂದು ಕುಳಿತಿದೆ. ಧನವಂತನಾಗಿರಬೇಕೆಂಬುದು ಸುಶ್ರುತನ ರೋಗಿಲಕ್ಷಣದಲ್ಲಿಯೂ ಇರುವುದರಿಂದ ವಾಗ್ಭಟನು ಅದನ್ನು ಅಲ್ಲಿಂದ ತೆಗೆದುಕೊಂಡಿರಬಹುದು. ಹೊರಗಿನಿಂದ ತಂದದ್ದಕ್ಕೆ ಜಾಗಮಾಡುವಾಗ ನಾಲ್ಕರಲ್ಲಿ ಯಾವುದನ್ನು ಬಿಡಬಹುದೆಂದು ಅವನಿಗೆ ತೋರಿತೆಂಬುದೇ ಇಲ್ಲಿ ಮುಖ್ಯವಾದ ವಿಷಯ. ಯಾವ ಮದ್ದನ್ನು ಯಾವಾಗ ಎಷ್ಟು ತೆಗೆದುಕೊಳ್ಳಬೇಕೆಂದು ಹೇಳಿದುದನ್ನು ನೆನಪಿನಲ್ಲಿಡುವ ರೋಗಿ, ಹಿಂದಿನ ದಿನ ಏನಾಯಿತೆಂದು ನೆನೆದು ಹೇಳಬಲ್ಲ ರೋಗಿ, ಇವನು ಕಲಿಯಬಲ್ಲವನು. ಕಲಿಯಬಲ್ಲವನೆಂದು ಎಣಿಸಿದ ಕಡೆಯಲ್ಲಿಯೇ ಕಲಿಸುವ ಪ್ರಯತ್ನವೂ ಇರುತ್ತದೆ.

ಆ ಪ್ರಯತ್ನವು ಚರಕನಲ್ಲಿ ಹೇಗಿದೆಯೆಂಬುದು ಸೂತ್ರಸ್ಥಾನದ ಹದಿನೈದನೆಯದಾದ ಉಪಕಲ್ಪನೀಯಾಧ್ಯಾಯದಲ್ಲಿ ವಿಶದವಾಗುತ್ತದೆ. ವಮನವಿರೇಚನಗಳಿಗೆ ಮುಂಚೆ ಸಿದ್ಧಪಡಿಸತಕ್ಕ ಮನೆಯ ವರ್ಣನೆ ಮೊದಲು ಬರುತ್ತದೆ. ಅದು ದೃಢವಾಗಿರಬೇಕು; ಗಾಳಿ ನೇರವಾಗಿ ಬಡಿಯಬಾರದು, ಆದರೂ ಒಂದು ಕಡೆಯಿಂದ ಗಾಳಿಯಾಡಬೇಕು; ಹೊಗೆ, ಬಿಸಿಲು, ಧೂಳುಗಳು ಸೋಕಬಾರದು; ನೀರು, ಒರಳು, ಶೌಚಸ್ಥಾನ, ಸ್ನಾನದ ಜಾಗ, ಅಡಿಗೆಮನೆಗಳು ಇರಬೇಕು. ಬಳಿಕ ಪರಿಚಾರಕರು: ತೊವ್ವೆ ಅನ್ನಗಳನ್ನು ಬೇಯಿಸುವವರು, ಸ್ನಾನಮಾಡಿಸುವವರು, ಮೈಯೊತ್ತುವವರು, ಎತ್ತಿ ಕೂರಿಸಿ ಮಲಗಿಸುವವರು, ಮದ್ದನ್ನು ಅರೆಯುವವರು. ಹಾಡುವವರನ್ನೂ ಕಥೆ ಹೇಳುವವರನ್ನೂ ಇಟ್ಟುಕೊಳ್ಳಬೇಕೆಂದಿರುವುದು ಓದುಗರಿಗೆ ವಿನೋದವಾಗಿ ಕಾಣಬಹುದು. ಬಹುದಿನ ಹಾಸಿಗೆ ಹಿಡಿದವರು ಹಾಗೆಣಿಸಲಾರರು.

ಔಷಧದ ಪ್ರಮಾಣದ ವಿಷಯದಲ್ಲಿ ಈ ಅಧ್ಯಾಯದ ಮಾತು ಬಹಳ ಜಾಗರೂಕತೆಯದು. ಇಂತಿಷ್ಟೆಂದು ಎಲ್ಲರಿಗೂ ಒಂದೇ ತೂಕವನ್ನು ಇಲ್ಲಿ ವಿಧಿಸಿಲ್ಲ. ಯಾರಿಗೆ ಎಷ್ಟು ಕುಡಿಸಿದರೆ ದೋಷವು ಹೊರಟುಹೋಗಿ ಅತಿಯೋಗವೂ ಅಯೋಗವೂ ಆಗದೋ ಅಷ್ಟೇ ಅವರ ಮಾತ್ರೆ. ಹೀಗಿದ್ದ ಮೇಲೆ ಕುಡಿಸಿದೊಡನೆ ಕೆಲಸವು ಮುಗಿಯಲಾರದು, ನೋಡುವ ಕೆಲಸವು ಆಗ ಪ್ರಾರಂಭವಾಗುತ್ತದೆ. ವಮನೌಷಧವನ್ನು ಕುಡಿದವನನ್ನು ಒಂದು ಮುಹೂರ್ತಕಾಲ ನಿರೀಕ್ಷಿಸಬೇಕು. ಬೆವರು ಬಂದರೆ ದೋಷವು ಕರಗಿತೆಂದೂ, ರೋಮಾಂಚವಾದರೆ ಸ್ಥಾನದಿಂದ ಕದಲಿತೆಂದೂ, ಹೊಟ್ಟೆಯುಬ್ಬಿದರೆ ಕೋಷ್ಠಕ್ಕೆ ಬಂದಿತೆಂದೂ, ಓಕರಿಕೆಯೂ ಜೊಲ್ಲೂ ಕಂಡರೆ ಮೇಲ್ಮುಖವಾಯಿತೆಂದೂ ತಿಳಿಯಬೇಕು. ಆಗ ಮೊಣಕಾಲೆತ್ತರದ ಪೀಠದಲ್ಲಿ ಕೂರಿಸಿ, ಒಬ್ಬರು ಹಣೆಯನ್ನೂ ಪಕ್ಕೆಗಳನ್ನೂ ಹಿಡಿದು, ಮತ್ತೊಬ್ಬರು ಹೊಕ್ಕುಳನ್ನು ಒತ್ತಿ, ಬೆನ್ನನ್ನು ನೀವಬೇಕು. ಹೊರಬಂದುದರಲ್ಲಿ ನೊರೆಯೂ ರಕ್ತವೂ ಕಂಡರೆ ಅತಿಯೋಗ. ದೋಷಗಳು ಕರಗುವವು, ಕದಲುವವು ಎಂಬ ವಿವರಣೆಯನ್ನು ಇಂದಿನ ಶರೀರಶಾಸ್ತ್ರವು ಒಪ್ಪುವುದಿಲ್ಲ. ಕುಡಿಸಿದ ಔಷಧದ ಪರಿಣಾಮವನ್ನು ಹೊತ್ತಿಗೆ ಹೊತ್ತಿಗೆ ಚಿಹ್ನೆಗಳಿಂದ ಅಳೆಯಬೇಕೆಂಬ ಕ್ರಮಕ್ಕೆ ಮಾತ್ರ ಅದರಿಂದ ಬಾಧಕವಿಲ್ಲ.

ಈ ಪ್ರಕರಣದಲ್ಲಿ ಎರಡು ಕಡೆ ಒಂದು ಕ್ರಿಯಾಪದವು ಬಂದಿದೆ. ಚರಿತ್ರಕಾರರು ಅದನ್ನು ಲಕ್ಷಿಸಿದಂತೆ ಕಾಣುವುದಿಲ್ಲ. ವಾಂತಿಯ ವೇಗವು ಬರುವಾಗ ರೋಗಿಗೆ ತುಟಿ, ಅಂಗುಳು, ಗಂಟಲುಗಳನ್ನು ತೆರೆದುಕೊಂಡು, ಹೆಚ್ಚು ತಿಣುಕದೆ, ಕತ್ತನ್ನು ಕೊಂಚ ಬಗ್ಗಿಸಿ, ವೇಗವು ತಾನಾಗಿ ಬಾರದಿದ್ದರೆ ಉಗುರನ್ನು ಚೆನ್ನಾಗಿ ಕತ್ತರಿಸಿದ ಎರಡು ಬೆರಳುಗಳಿಂದಾಗಲಿ ನೈದಿಲೆಯ ನಾಳದಿಂದಾಗಲಿ ಗಂಟಲನ್ನು ಮುಟ್ಟಿಕೊಳ್ಳಬೇಕೆಂದು ‘ಅನುಶಾಸನ’ ಮಾಡತಕ್ಕದ್ದು ಎಂದಿದೆ. ಎಲ್ಲವೂ ಮುಗಿದು ಗಾಳಿಯಿಲ್ಲದ ಕೋಣೆಯಲ್ಲಿ ಮಲಗಿಸಿದ ಮೇಲೆ, ಗಟ್ಟಿಯಾಗಿ ಮಾತನಾಡುವುದು, ಬಹಳ ಹೊತ್ತು ಕೂರುವುದು, ತಿರುಗಾಟ, ಕೋಪ, ಶೋಕ, ಬಿಸಿಲು, ಹಗಲುನಿದ್ದೆ, ವಿರುದ್ಧಾಹಾರ ಮೊದಲಾದವನ್ನು ಮನಸ್ಸಿನಿಂದಲೂ ಸೇವಿಸದೆ ದಿನವನ್ನು ಕಳೆಯಬೇಕೆಂದು ಪುನಃ ‘ಅನುಶಾಸನ’ ಮಾಡತಕ್ಕದ್ದು. ಇದೇ ಧಾತುವು ಉಪನಿಷತ್ತಿನಲ್ಲಿ ವೇದವನ್ನು ಕಲಿಸಿದ ಗುರುವು ಶಿಷ್ಯನಿಗೆ ಮಾಡುವ ಉಪದೇಶಕ್ಕೆ ಬಳಸಲ್ಪಟ್ಟಿದೆ. ಆಜ್ಞೆಗೆ ಬೇರೆ ಶಬ್ದಗಳು ಸಂಸ್ಕೃತದಲ್ಲಿ ಬೇಕಾದಷ್ಟಿವೆ. ರೋಗಿಯನ್ನು ಶಿಷ್ಯಸ್ಥಾನದಲ್ಲಿಟ್ಟ ಈ ಶಬ್ದವು ಆಕಸ್ಮಿಕವಾಗಿ ಬಂದುದಲ್ಲ.

ಹಾಗಾದರೆ ಅನುಶಾಸನದ ಅಧಿಕಾರವು ವೈದ್ಯನೊಬ್ಬನದೇ ಎಂಬ ಪ್ರಶ್ನೆ ಏಳುತ್ತದೆ. ಇದಕ್ಕೆ ಉತ್ತರವು ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿದೆ. ಪ್ರಸೂತಿಗೃಹದಲ್ಲಿ ಅನೇಕ ಸಲ ಹೆತ್ತು ಅನುಭವವುಳ್ಳ, ಸ್ನೇಹಶೀಲೆಯರಾದ, ಕುಶಲರಾದ ಸ್ತ್ರೀಯರು ಇರಬೇಕೆಂದು ವಿಧಿಸಿ, ಹೆರುವವಳಿಗೆ ಆ ಸ್ತ್ರೀಯರು ಅನುಶಾಸನ ಮಾಡಬೇಕೆಂದು ಅದೇ ಕ್ರಿಯಾಪದದಿಂದ ಹೇಳಿದೆ. ಅವರು ಹೇಳತಕ್ಕದ್ದು, ನೋವು ಬಾರದಿರುವಾಗ ತಿಣುಕಬಾರದೆಂಬುದು. ಅಷ್ಟಕ್ಕೆ ನಿಲ್ಲಿಸದೆ ಕಾರಣವನ್ನೂ ಹೇಳಬೇಕು: ಸೀನು, ತೇಗು ಮೊದಲಾದವುಗಳನ್ನು ಕಾಲವಲ್ಲದ ಕಾಲದಲ್ಲಿ ಎಷ್ಟು ಪ್ರಯತ್ನಿಸಿದರೂ ತಂದುಕೊಳ್ಳಲಾಗದಂತೆ ಇದೂ ಆಗದು, ಪ್ರಯತ್ನವು ವ್ಯರ್ಥವಾಗುವುದಲ್ಲದೆ ಶಿಶುವಿಗೂ ಕೇಡು. ಶಾಸ್ತ್ರವನ್ನು ಓದದ ಸ್ತ್ರೀಯರು ಉಪದೇಶದ ಕರ್ತೃಗಳು, ಉಪದೇಶವು ಹೇತುಸಹಿತವಾದದ್ದು, ದೃಷ್ಟಾಂತವು ಕೇಳುವವಳ ಮೈಗೆ ಗೊತ್ತಿರುವಂಥದು. ಪರಿಚಾರಕನಿಗೆ ಕಲಿಸುವ ಅಧಿಕಾರವಿರಲಿಲ್ಲವೆಂಬ ವಾದಕ್ಕೆ ಇದಕ್ಕಿಂತ ಬಲವಾದ ಪ್ರತ್ಯುತ್ತರ ಬೇಕಾಗಿಲ್ಲ. ಕನ್ನಡದ ದಾದಿ ಎಂಬ ಮಾತು ಧಾತ್ರೀ ಶಬ್ದದ ತದ್ಭವವೆಂಬುದನ್ನೂ ಇಲ್ಲಿ ಸ್ಮರಿಸಬಹುದು.

ಧಾತ್ರಿಯ ಕೈಗೇ ಔಷಧವು ಹೋಗತಕ್ಕ ಇನ್ನೊಂದು ಸ್ಥಳವೆಂದರೆ ಶಿಶುಚಿಕಿತ್ಸೆ. ನೇಪಾಳದ ಹಸ್ತಪ್ರತಿಯಿಂದ ೧೯೩೮ರಲ್ಲಿ ಅಚ್ಚಾದ ಕಾಶ್ಯಪಸಂಹಿತೆಯಲ್ಲಿ, ಆಗ ಹುಟ್ಟಿದ ಕೂಸಿಗೆ ವಾಯುವಿಳಂಗದ ಕಾಳಿನಷ್ಟು ಔಷಧವನ್ನು ಜೇನುತುಪ್ಪಗಳೊಡನೆ ಕೊಡಬೇಕು, ತಿಂಗಳು ತಿಂಗಳಿಗೆ ಹೆಚ್ಚಿಸುತ್ತ ಹೋಗಬೇಕು, ಆದರೆ ನೆಲ್ಲಿಕಾಯಿಯ ಗಾತ್ರವನ್ನು ಮೀರಬಾರದು ಎಂದು ಮೇಲಿನ ಎಲ್ಲೆಯನ್ನೂ ಕಟ್ಟಿದೆ. (ಹಸುಗೂಸಿಗೆ ಜೇನು ಕೊಡಬಾರದೆಂಬುದು ಇಂದಿನ ವೈದ್ಯರ ನಿಶ್ಚಿತವಾದ ಮತ.) ಸುಶ್ರುತನಲ್ಲಿ ಹಾಲುಣ್ಣುವ ಕೂಸಿಗೆ ಬೆರಳಿನ ಎರಡು ಗೆಣ್ಣುಗಳಲ್ಲಿ ಹಿಡಿಯುವಷ್ಟು, ಹಾಲನ್ನೂ ಅನ್ನವನ್ನೂ ಉಣ್ಣುವ ಮಗುವಿಗೆ ಬೋರೆಬೀಜದಷ್ಟು, ಅನ್ನವುಣ್ಣುವ ಮಗುವಿಗೆ ಬೋರೆಹಣ್ಣಿನಷ್ಟು. ತಕ್ಕಡಿಯಿಲ್ಲದ ಮನೆಯಲ್ಲಿ ತಪ್ಪದಂತೆ ಅಳೆಯುವುದಕ್ಕೆ ಇವು ಸಾಧನಗಳು. ಔಷಧವನ್ನು ಊಟಕ್ಕೆ ಮುಂಚೆ, ನಡುವೆ, ನಂತರ, ತುತ್ತಿನೊಡನೆ, ತುತ್ತುತುತ್ತಿನ ನಡುವೆ, ಪದೇ ಪದೇ ಎಂದು ಮುಂತಾಗಿ ಹತ್ತು ಕಾಲಗಳಾಗಿ ಉತ್ತರತಂತ್ರದಲ್ಲಿ ವಿಭಾಗಿಸಿದೆ. ವೈದ್ಯನು ದಿನಕ್ಕೊಮ್ಮೆ ಬಂದು ಹೋಗುವವನು. ತುತ್ತುತುತ್ತಿನ ನಡುವೆ ಕುಳಿತಿರುವವನು ಅವನಲ್ಲ.

ಬೌದ್ಧರ ವಿನಯಪಿಟಕದ ಮಹಾವಗ್ಗದಲ್ಲಿರುವ ಪ್ರಸಂಗವು ಇದಕ್ಕೆ ಮತ್ತಷ್ಟು ಬೆಳಕನ್ನು ಕೊಡುತ್ತದೆ. ಅತಿಸಾರದಿಂದ ತನ್ನ ಮಲದಲ್ಲಿಯೇ ಬಿದ್ದಿದ್ದ ಭಿಕ್ಷುವನ್ನು ಬುದ್ಧನೂ ಆನಂದನೂ ತೊಳೆದು ಮಂಚದ ಮೇಲೆ ಮಲಗಿಸಿದ ಕಥೆ ಪ್ರಸಿದ್ಧವಾಗಿದೆ. ಅಲ್ಲಿಯೇ ಪರಿಚಾರಕನಿಗೆ ಐದು ಗುಣಗಳನ್ನು ಹೇಳಿದೆ: ಔಷಧವನ್ನು ಸಿದ್ಧಪಡಿಸಬಲ್ಲವನು, ಪಥ್ಯಾಪಥ್ಯಗಳನ್ನು ಅರಿತು ಅಪಥ್ಯವನ್ನು ದೂರವಿಟ್ಟು ಪಥ್ಯವನ್ನು ತರುವವನು, ಲಾಭಕ್ಕಾಗಿಯಲ್ಲದೆ ಮೈತ್ರಿಯಿಂದ ಸೇವಿಸುವವನು, ಮಲಮೂತ್ರಾದಿಗಳಿಗೆ ಹೇಸದವನು, ಆಗಾಗ ಧರ್ಮಕಥೆಯಿಂದ ರೋಗಿಯನ್ನು ಸಂತೋಷಪಡಿಸಬಲ್ಲವನು. ಇಲ್ಲಿಯೂ ಜ್ಞಾನವೇ ಮೊದಲಿನದು. ರೋಗಿಯ ಐದು ಗುಣಗಳಲ್ಲಿ ಒಂದು, ರೋಗವು ಏರುತ್ತಿದೆಯೋ ಇಳಿಯುತ್ತಿದೆಯೋ ನಿಂತಿದೆಯೋ ಎಂಬುದನ್ನು ಇದ್ದಂತೆ ತಿಳಿಸುವುದು. ಯಾರಿಗೆ? ವೈದ್ಯನಿಗಲ್ಲ, ತನ್ನ ಹಿತವನ್ನು ಬಯಸುವ ಪರಿಚಾರಕನಿಗೆ. ಚರಕನಲ್ಲಿ ಯಾರಿಗೆಂದು ಹೇಳದೆ ಬಿಟ್ಟದ್ದು ಇಲ್ಲಿ ಸ್ಪಷ್ಟವಾಗಿದೆ. ಪಾಲಿಯ ಗಿಲಾನುಪಟ್ಠಾಕ ಶಬ್ದಕ್ಕೂ ಚರಕನ ಉಪಸ್ಥಾತೃ ಶಬ್ದಕ್ಕೂ ಧಾತುವೊಂದೇ. ಹತ್ತಿರದಲ್ಲಿ ನಿಲ್ಲುವವನು ಎಂಬುದು ಅದರ ಅಕ್ಷರಾರ್ಥ.

ಇಷ್ಟರಿಂದ ಪ್ರಾಚೀನರಲ್ಲಿ ಪರಿಚರ್ಯೆಯು ಸ್ವತಂತ್ರವಾದ ವಿದ್ಯೆಯಾಗಿ ಬೆಳೆದಿತ್ತೆಂದು ಹೇಳಲಾಗದು. ಪರಿಚಾರಕನಿಗೆ ಜ್ಞಾನ ಬೇಕೆಂದ ಚರಕನು ಆ ಜ್ಞಾನವನ್ನು ಅವನು ಎಲ್ಲಿ, ಯಾರಿಂದ, ಎಷ್ಟು ಕಾಲ ಕಲಿಯಬೇಕೆಂದು ಆ ಅಧ್ಯಾಯಗಳಲ್ಲಿ ಹೇಳಿಲ್ಲ; ವೈದ್ಯಶಿಷ್ಯನ ಅಧ್ಯಯನವಿಧಿಯನ್ನಾದರೋ ವಿಮಾನಸ್ಥಾನದಲ್ಲಿ ದೀರ್ಘವಾಗಿ ಹೇಳಿದೆ. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಫ್ಲಾರೆನ್ಸ್ ನೈಟಿಂಗೇಲಳ ಶಾಲೆ ೧೮೬೦ರಲ್ಲಿ ತುಂಬಿದ ಕೊರತೆ ಇದೇ ಬಗೆಯದು; ಭಾರತದಲ್ಲಿ ದಾದಿಯರ ಶಿಕ್ಷಣಕ್ಕೆ ಏಕರೂಪವಾದ ಕಟ್ಟಳೆ ಬಂದುದು ೧೯೪೭ರ ನರ್ಸಿಂಗ್ ಕೌನ್ಸಿಲ್ ಕಾಯಿದೆಯಿಂದ. ಸರಿಯಾದ ರೋಗಿ, ಔಷಧ, ಪ್ರಮಾಣ, ಮಾರ್ಗ, ಕಾಲ ಎಂದು ಇಂದಿನ ದಾದಿಯರು ಕಂಠಸ್ಥಮಾಡುವ ಐದರಲ್ಲಿ ಕಡೆಯ ನಾಲ್ಕಕ್ಕೆ ಸಂಹಿತೆಗಳಲ್ಲಿ ಸಂವಾದಿಯಾದ ವಿಚಾರವುಂಟು. ಮೊದಲನೆಯದು ನೂರಾರು ಹಾಸಿಗೆಗಳ ಆಸ್ಪತ್ರೆಯಲ್ಲಿ ಹುಟ್ಟಿದ ಭಯ. ಒಬ್ಬ ರೋಗಿಗೆ ಒಂದು ಮನೆಯನ್ನು ಕಟ್ಟಿಸುವ ಉಪಕಲ್ಪನೀಯಾಧ್ಯಾಯಕ್ಕೆ ಅದು ಹೊಳೆಯುವ ಸಂಭವವಿಲ್ಲ.

ಅನೇಕ ರೋಗಿಗಳು ಒಂದೆಡೆ ಸೇರಿದ ಸ್ಥಾನಗಳು ಶಾಸನಗಳಲ್ಲಿ ಕಾಣಬರುತ್ತವೆ. ಬಳ್ಳಿಗಾವೆಯ ಕೋಡಿಯಮಠದ ೧೧೬೨ರ ಶಾಸನವು ಆ ಮಠವನ್ನು ದೀನಾನಾಥರಿಗೆ ಅನ್ನವೂ ನಾನಾ ರೋಗಿಗಳಿಗೆ ಔಷಧವೂ ದೊರೆಯುವ ಸ್ಥಾನವೆಂದು ವರ್ಣಿಸುತ್ತದೆ. ವಾಗ್ಭಟನು ಬಯಸಿದ ಧನವಂತನಾದ ರೋಗಿ ಅಲ್ಲಿಗೆ ಬಂದಿರಲಾರನು. ತಮಿಳುನಾಡಿನ ತಿರುಮುಕ್ಕೂಡಲಿನ ವೀರರಾಜೇಂದ್ರಚೋಳನ ಕಾಲದ ಶಾಸನವು, ಎಂದರೆ ಹನ್ನೊಂದನೆಯ ಶತಮಾನದ್ದು, ಇನ್ನೂ ವಿವರವಾದದ್ದು. ದೇವಾಲಯದ ಪಾಠಶಾಲೆಯ ವಿದ್ಯಾರ್ಥಿಗಳಿಗೂ ನೌಕರರಿಗೂ ಏರ್ಪಟ್ಟ ಆ ಆತುರಶಾಲೆಯಲ್ಲಿ ೧೫ ಹಾಸಿಗೆಗಳು. ಒಬ್ಬ ವೈದ್ಯ, ಒಬ್ಬ ಶಸ್ತ್ರವೈದ್ಯ, ಮೂಲಿಕೆ ತರುವುದಕ್ಕೆ ಇಬ್ಬರು, ರೋಗಿಗಳ ಪರಿಚರ್ಯೆಗೂ ಔಷಧಕಾರ್ಯಕ್ಕೂ ಇಬ್ಬರು ಸ್ತ್ರೀಯರು, ಒಬ್ಬ ನಾಪಿತ. ಸಂಗ್ರಹದಲ್ಲಿಡತಕ್ಕ ಸುಮಾರು ೨೦ ಔಷಧಗಳ ಹೆಸರುಗಳೂ ಇವೆ. ಬಿಲ್ವಾದಿಘೃತ, ದಶಮೂಲಹರೀತಕಿಗಳ ಜೊತೆಗೆ ಭಲ್ಲಾತಕಹರೀತಕಿಯೂ ಒಂದು. ಭಲ್ಲಾತಕವೆಂದರೆ ಕೇರುಬೀಜ. ಅದರ ರಸವು ತಾಗಿದರೆ ಚರ್ಮವು ಬೊಕ್ಕೆಯೇಳುತ್ತದೆ. ಭಲ್ಲಾತಕಕ್ಷೀರವನ್ನು ಕುಡಿಸುವ ಮೊದಲು ಬಾಯಿಯ ಒಳಭಾಗಕ್ಕೆ ತುಪ್ಪವನ್ನು ಸವರಬೇಕೆಂದು ಚರಕನು ಎಚ್ಚರಿಸಿದ್ದಾನೆ. ಶಾಸನದಲ್ಲಿ ವೈದ್ಯನ ಹೆಸರು ಕೋದಂಡರಾಮ ಅಶ್ವತ್ಥಾಮ ಭಟ್ಟನೆಂದು ಬರೆದಿದೆ. ಆ ಇಬ್ಬರು ಸ್ತ್ರೀಯರ ಸಂಖ್ಯೆ ಮಾತ್ರ ಉಳಿದಿದೆ. ಹದಿನೈದು ಹಾಸಿಗೆಗಳ ನಡುವೆ ಅವರು ಕೇರಿನ ಮದ್ದನ್ನು ಹೇಗೆ ಗುರುತಿಡುತ್ತಿದ್ದರು, ತುಪ್ಪವನ್ನು ಸವರುವ ಕಾರಣವನ್ನು ಆ ವಿದ್ಯಾರ್ಥಿಗಳಿಗೆ ಏನೆಂದು ಹೇಳುತ್ತಿದ್ದರು ಎಂಬುದನ್ನು ಕಲ್ಲಿನಲ್ಲಿ ಕೊರೆಯಿಸಿದವರಿಲ್ಲ.