ಆಲ್-ಟೆರೇನ್ ಟೈರು: ಸವಾರಿಯ ಸುಖ ಮತ್ತು ಆಯ್ಕೆ

ಡಾಂಬರು ರಸ್ತೆಯ ಮೇಲೂ ಮಣ್ಣು, ಜಲ್ಲಿ, ಕೆಸರಿನ ದಾರಿಯಲ್ಲೂ ಬದಲಾಯಿಸದೆ ಓಡಿಸಬಹುದಾದ ರೇಡಿಯಲ್ ಟೈರನ್ನು ಆಲ್-ಟೆರೇನ್ ಟೈರು ಎನ್ನುತ್ತಾರೆ. ಇದರ ಪಕ್ಕೆಯ ಮೇಲೆ ಸಾಮಾನ್ಯವಾಗಿ ಎ/ಟಿ ಎಂಬ ಗುರುತಿರುತ್ತದೆ. ಹೆದ್ದಾರಿಗೆಂದು ಮಾಡಿದ ಎಚ್/ಟಿ ಟೈರಿಗೂ ಕೆಸರಿಗೆಂದು ಮಾಡಿದ ಎಂ/ಟಿ ಟೈರಿಗೂ ನಡುವಿನ ಸ್ಥಾನ ಇದರದು. ಆದರೆ ಎ/ಟಿ ಎಂಬುದು ಅಳತೆ ಕಟ್ಟಿ ನಿಗದಿಪಡಿಸಿದ ವರ್ಗವಲ್ಲ. ತಯಾರಕರು ತಮ್ಮ ಟೈರಿಗೆ ತಾವೇ ಇಟ್ಟುಕೊಳ್ಳುವ ಹೆಸರು. ಒಂದು ಕಂಪನಿಯ ಎ/ಟಿ ಹೆದ್ದಾರಿ ಟೈರಿನಷ್ಟೇ ಮೆತ್ತಗಿದ್ದರೆ ಇನ್ನೊಂದರದು ಕೆಸರಿನ ಟೈರನ್ನೇ ಹೋಲುತ್ತದೆ. ಹೆಸರು ನೋಡಿ ಕೊಂಡವರಿಗೆ ಸವಾರಿ ಹೇಗಿದೆ ಎಂಬುದು ಹಾಕಿಸಿದ ಮೇಲೆಯೇ ತಿಳಿಯುವುದು.

ಎರಡನೆಯ ಮಹಾಯುದ್ಧದ ವಿಲ್ಲಿಸ್ ಜೀಪಿಗೆ 6.00-16 ಅಳತೆಯ, ನೆಲ ಕಚ್ಚುವ ದಪ್ಪ ರಬ್ಬರ್ ಬಟನ್‌ಗಳ ಸೇನಾ ಟೈರು ಇರುತ್ತಿತ್ತು. ಅದು ಅಡ್ಡಡ್ಡ ನೇಯ್ದ ದಾರದ ಪದರಗಳ ಟೈರು. ಇದೇ ಬಗೆಯ ಟೈರನ್ನು ನಮ್ಮಲ್ಲಿ ‘ನೈಲಾನ್ ಟೈರು’ ಎಂದು ಕರೆಯುವುದು ರೂಢಿ. ಅದರಲ್ಲಿ ಪಕ್ಕೆ ಬಾಗಿದರೆ ನೆಲಕ್ಕೆ ತಾಗುವ ಭಾಗವೂ ಅದರೊಂದಿಗೆ ಮುದುಡುತ್ತದೆ. ಫ್ರಾನ್ಸಿನ ಮಿಶೆಲಿನ್ ಕಂಪನಿ 1946ರಲ್ಲಿ ಪೇಟೆಂಟ್ ಪಡೆದ ರೇಡಿಯಲ್ ರಚನೆಯಲ್ಲಿ ದಾರಗಳು ರಿಮ್ಮಿನಿಂದ ರಿಮ್ಮಿಗೆ ನೇರವಾಗಿ ಸಾಗುತ್ತವೆ. ನೆಲಕ್ಕೆ ತಾಗುವ ಭಾಗದ ಕೆಳಗೆ ಉಕ್ಕಿನ ಪಟ್ಟಿಗಳಿರುತ್ತವೆ. ಇದರಿಂದ ಪಕ್ಕೆ ತನ್ನಷ್ಟಕ್ಕೆ ಬಾಗುತ್ತದೆ, ನೆಲದ ಮೇಲಿನ ಹಿಡಿತ ಕದಲುವುದಿಲ್ಲ. ಈ ರಚನೆಯನ್ನು ಕಚ್ಚಾದಾರಿಯ ಟೈರಿಗೆ ಒಗ್ಗಿಸಿ ಅಮೆರಿಕದ ಬಿಎಫ್‌ಗುಡ್‌ರಿಚ್ 1976ರಲ್ಲಿ ‘ರೇಡಿಯಲ್ ಆಲ್-ಟೆರೇನ್ ಟಿ/ಎ’ ಹೊರತಂದಿತು. ಈಗಿನ ಎ/ಟಿ ಟೈರುಗಳ ಪರಂಪರೆ ಅಲ್ಲಿಂದ ಬೆಳೆಯಿತು. ಭಾರತದಲ್ಲಿ 2020ರ ಮಹೀಂದ್ರ ಥಾರ್‌ನ ಮೇಲ್ದರ್ಜೆಯ ಮಾದರಿ ಕಾರ್ಖಾನೆಯಿಂದಲೇ 255/65 ಆರ್18 ಅಳತೆಯ ಎ/ಟಿ ಟೈರಿನೊಂದಿಗೆ ಬಂತು. 2023ರ ಮಾರುತಿ ಜಿಮ್ನಿಗೆ ಕಂಪನಿ ಕೊಟ್ಟದ್ದು 195/80 ಆರ್15 ಅಳತೆಯ ಹೆದ್ದಾರಿ ಟೈರು. ಅದನ್ನು ಎ/ಟಿಗೆ ಬದಲಾಯಿಸಿಕೊಳ್ಳುವವರು ಅನೇಕ.

ರಸ್ತೆಯ ಏಟನ್ನು ಮೊದಲು ತಿನ್ನುವುದು ಟೈರು. ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್‌ಗಳ ಸರದಿ ಆಮೇಲಿನದು. ದೊಡ್ಡ ಗುಂಡಿಯನ್ನು ಸಸ್ಪೆನ್ಷನ್ ನುಂಗಬಲ್ಲದು. ಆದರೆ ಜಲ್ಲಿ ಎದ್ದ ರಸ್ತೆಯ ಸಣ್ಣ, ಎಡೆಬಿಡದ ನಡುಕವನ್ನು ತಡೆಯುವುದು ಬಹುಮಟ್ಟಿಗೆ ಟೈರಿನೊಳಗಿನ ಗಾಳಿ ಮತ್ತು ಪಕ್ಕೆಯ ಬಾಗು. ಟೈರು ಆಯುವವರು ಮೊದಲು ನೋಡುವುದು ಮೇಲಿನ ಬಟನ್‌ಗಳ ವಿನ್ಯಾಸವನ್ನು. ಸವಾರಿಯ ಸುಖದ ಮಟ್ಟಿಗೆ ಅದು ಮೂರನೆಯ ವಿಷಯ. ಮೊದಲನೆಯದು ಪಕ್ಕೆಯ ಎತ್ತರ, ಎರಡನೆಯದು ಪಕ್ಕೆಯ ಗಡಸುತನ.

ಪಕ್ಕೆಯ ಎತ್ತರವನ್ನು ಟೈರಿನ ಮೇಲಿನ ಅಂಕಿಗಳಿಂದಲೇ ಲೆಕ್ಕ ಹಾಕಬಹುದು. 255/65 ಆರ್18 ಎಂಬಲ್ಲಿ 255 ಮಿಲಿಮೀಟರು ಅಗಲ, ಆ ಅಗಲದ ಶೇ. 65 ಪಕ್ಕೆಯ ಎತ್ತರ, ‘ಆರ್’ ಎಂದರೆ ರೇಡಿಯಲ್, 18 ಎಂಬುದು ಅಂಗುಲದಲ್ಲಿ ರಿಮ್ಮಿನ ವ್ಯಾಸ. ಹೀಗೆ ಪಕ್ಕೆ ಸುಮಾರು 166 ಮಿ.ಮೀ. ಆಗುತ್ತದೆ. ಥಾರ್ ರಾಕ್ಸ್‌ನ ಅತಿ ಮೇಲ್ದರ್ಜೆಯ ಮಾದರಿಗೆ ಬರುವ 255/60 ಆರ್19ರಲ್ಲಿ ಟೈರಿನ ಹೊರ ವ್ಯಾಸ ಅಷ್ಟೇ ಇದ್ದರೂ ಪಕ್ಕೆ 153 ಮಿ.ಮೀ. ಮಾತ್ರ. ಕಣ್ಣಿಗೆ ದೊಡ್ಡ ರಿಮ್ಮು ಚೆಂದ, ಸೊಂಟಕ್ಕೆ ಚಿಕ್ಕ ರಿಮ್ಮು ಹಿತ. ಬ್ರೇಕಿಗೆ ತಾಗದಷ್ಟು ಜಾಗವಿದ್ದರೆ ಚಿಕ್ಕ ರಿಮ್ಮಿಗೆ ಎತ್ತರದ ಪಕ್ಕೆಯ ಟೈರು ಹಾಕುವುದೇ ಲೇಸು. ಕಲ್ಲಿಗೆ ಬಡಿದಾಗ ಅಲಾಯ್ ರಿಮ್ಮು ಒಡೆಯುವ ಸಂಭವವೂ ಇದರಿಂದ ತಗ್ಗುತ್ತದೆ.

ಪಕ್ಕೆಯ ಗಡಸುತನ ತಿಳಿಯಲು ಅಳತೆಯ ಮುಂದೆ ‘ಎಲ್‌ಟಿ’ ಎಂಬ ಅಕ್ಷರಗಳಿವೆಯೇ ಎಂದು ನೋಡಬೇಕು. ಎಲ್‌ಟಿ ಎಂದರೆ ಲಘು ಸರಕು ವಾಹನಕ್ಕೆ ತಕ್ಕ ಟೈರು. ಇದಕ್ಕೆ ಸಿ, ಡಿ, ಇ ಎಂಬ ಭಾರಶ್ರೇಣಿಗಳಿವೆ. ಹಳೆಯ ಲೆಕ್ಕದಲ್ಲಿ ಇವು 6, 8 ಮತ್ತು 10 ಪದರಗಳಿಗೆ ಸಮ. ಸಿ ಶ್ರೇಣಿಯ ಪೂರ್ಣ ಭಾರಕ್ಕೆ 50 ಪಿಎಸ್‌ಐ, ಇ ಶ್ರೇಣಿಗೆ 80 ಪಿಎಸ್‌ಐ ಗಾಳಿ ಬೇಕು. ಒಂದೇ ಒತ್ತಡದಲ್ಲಿ ಎಲ್‌ಟಿ ಟೈರು ಹೊರುವ ಭಾರ ಸಾಮಾನ್ಯ ಟೈರು ಹೊರುವುದಕ್ಕಿಂತ ಕಡಿಮೆ. ಹಾಗಾಗಿ ಅದಕ್ಕೆ ಹೆಚ್ಚು ಗಾಳಿ ತುಂಬಬೇಕಾಗುತ್ತದೆ. ಮೊದಲೇ ದಪ್ಪ ಪಕ್ಕೆ, ಮೇಲೆ ಹೆಚ್ಚಿನ ಗಾಳಿ. ಇವೆರಡೂ ಕೂಡಿ ಹಗುರವಾದ ವಾಹನವನ್ನು ಕುಪ್ಪಳಿಸುವಂತೆ ಮಾಡುತ್ತವೆ. ಇಂಥ ಟೈರು ಕೆಲವು ಕಿಲೋ ಹೆಚ್ಚು ತೂಗುವುದೂ ಉಂಟು. ಆ ತೂಕ ಸ್ಪ್ರಿಂಗಿನ ಕೆಳಗೆ ಇರುವುದರಿಂದ ಗುಂಡಿ ಹಾರಿದ ಮೇಲೆ ಚಕ್ರ ಬೇಗ ನೆಲಕ್ಕೆ ಮರಳದು, ಸ್ಟಿಯರಿಂಗೂ ಜಡವಾಗುತ್ತದೆ.

ಅಷ್ಟು ಬಲ ಎಷ್ಟು ಜನಕ್ಕೆ ಬೇಕು? ಜಿಮ್ನಿಯ ಖಾಲಿ ತೂಕ ಸುಮಾರು 1,200 ಕಿಲೋ; ಜನ, ಸಾಮಾನು ಎಲ್ಲ ತುಂಬಿದರೂ 1,550 ಕಿಲೋದ ಒಳಗೇ ಇರುತ್ತದೆ. ಸಮವಾಗಿ ಹಂಚಿದರೆ ಒಂದು ಚಕ್ರಕ್ಕೆ 400 ಕಿಲೋ ಬರುವುದಿಲ್ಲ. ಅದರ ಮೂಲ ಟೈರಿನ ಭಾರಸೂಚಿ 96, ಅಂದರೆ ಒಂದೊಂದು ಟೈರು 710 ಕಿಲೋ ಹೊರಬಲ್ಲದು. ಇಂಥ ಬಂಡಿಗೆ ಇ ಶ್ರೇಣಿಯ ಎಲ್‌ಟಿ ಟೈರು ಹಾಕಿಸುವುದು ಹಣ ಕೊಟ್ಟು ಕುಲುಕಾಟ ಕೊಂಡಂತೆ. ಮೇಲೆ ಕ್ಯಾರಿಯರ್, ಒಳಗೆ ಡೀಸೆಲ್ ಕ್ಯಾನು ತುಂಬಿಕೊಂಡು ಸ್ಪಿತಿ, ಲಡಾಖಿನ ಚೂಪುಗಲ್ಲಿನ ದಾರಿಗಳಲ್ಲಿ ದಿನಗಟ್ಟಲೆ ಓಡುವ ಭಾರಿ ವಾಹನದ ಮಾತು ಬೇರೆ. ಅಲ್ಲಿ ಪಕ್ಕೆ ಹರಿದರೆ ಪಂಕ್ಚರ್ ಅಂಗಡಿಯಲ್ಲಿ ಅದಕ್ಕೆ ಮದ್ದಿಲ್ಲ. ಗಡುಸಾದ ಪಕ್ಕೆಗೆ ಸುಖವನ್ನು ಬಿಟ್ಟುಕೊಡುವುದೇ ಸರಿ.

ಬಟನ್‌ಗಳ ವಿನ್ಯಾಸ ಸುಖವನ್ನು ಕೆಡಿಸುವುದು ಮುಖ್ಯವಾಗಿ ಸದ್ದಿನಿಂದ. ಬಟನ್ ನೆಲಕ್ಕೆ ಬಡಿಯುವಾಗ ಒಂದು ಸದ್ದು, ಅವುಗಳ ನಡುವಿನ ಕಾಲುವೆಗಳಲ್ಲಿ ಸಿಕ್ಕ ಗಾಳಿ ಹಿಂಡಿ ಹೊರಬರುವಾಗ ಇನ್ನೊಂದು. ಎಲ್ಲ ಬಟನ್‌ಗಳೂ ಒಂದೇ ಉದ್ದವಿದ್ದರೆ ಈ ಸದ್ದು ಒಂದೇ ಸ್ವರದಲ್ಲಿ ಗುಂಯ್ಗುಡುತ್ತದೆ. ಆದ್ದರಿಂದ ಒಳ್ಳೆಯ ಟೈರುಗಳಲ್ಲಿ ಸುತ್ತಳತೆಯುದ್ದಕ್ಕೂ ಬಟನ್‌ಗಳ ಉದ್ದವನ್ನು ಬೇಕೆಂದೇ ಹೆಚ್ಚುಕಡಿಮೆ ಮಾಡಿರುತ್ತಾರೆ. ಸದ್ದು ಹಲವು ಸ್ವರಗಳಲ್ಲಿ ಚದುರಿ ಕಿವಿಗೆ ಮಂದವಾಗುತ್ತದೆ. ಟೈರಿನ ನಡುಭಾಗದಲ್ಲಿ ಬಟನ್‌ಗಳು ಒತ್ತಾಗಿದ್ದು ಅಂಚಿನಲ್ಲಷ್ಟೇ ಬಿಡುವಿದ್ದರೆ ಡಾಂಬರಿನ ಮೇಲೆ ಓಟ ನಯವಾಗಿರುತ್ತದೆ. ಬಟನ್ ಬಟನ್‌ಗಳ ನಡುವೆ ಬೆರಳು ತೂರುವಷ್ಟು ಕಂದಕಗಳಿದ್ದರೆ ಗಂಟೆಗೆ 80 ಕಿ.ಮೀ. ದಾಟಿದ ಮೇಲೆ ಮಾತು ಜೋರಾಗಿ ಆಡಬೇಕಾಗುತ್ತದೆ. ಹೊಸದರಲ್ಲಿ ಮೌನವಾಗಿದ್ದ ಟೈರು ಮುಂದೆ ಕೂಗತೊಡಗುವುದಕ್ಕೆ ಬಟನ್‌ಗಳ ಒಂದು ಅಂಚು ಹೆಚ್ಚು, ಇನ್ನೊಂದು ಕಡಿಮೆ ಸವೆಯುವುದೇ ಸಾಮಾನ್ಯ ಕಾರಣ. ಹಿಂದು ಮುಂದಿನ ಚಕ್ರಗಳನ್ನು 8,000ದಿಂದ 10,000 ಕಿ.ಮೀ.ಗೊಮ್ಮೆ ಅದಲುಬದಲು ಮಾಡಿಸಿದರೆ ಇದು ಹತೋಟಿಯಲ್ಲಿರುತ್ತದೆ.

ಬಟನ್‌ಗಳ ಮೇಲಿನ ಬ್ಲೇಡಿನ ಗೀರಿನಂಥ ಸೀಳುಗಳಿಗೆ ಒದ್ದೆ ರಸ್ತೆಯಲ್ಲಿ ಬಹಳ ಬೆಲೆ. ಸಾಮಾನ್ಯವಾಗಿ ಎ/ಟಿ ಟೈರು ಒದ್ದೆ ಡಾಂಬರಿನ ಮೇಲೆ ಎಚ್/ಟಿಗಿಂತ ತುಸು ದೂರ ಹೋಗಿ ನಿಲ್ಲುತ್ತದೆ. ಘಾಟಿ ರಸ್ತೆಗಳಲ್ಲಿ ಮಳೆಗಾಲ ಕಳೆಯುವವರು ಸೀಳುಗಳು ಧಾರಾಳವಾಗಿರುವ ಟೈರನ್ನೇ ಆರಿಸಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2022ರಲ್ಲಿ ಬಂದ ತಿದ್ದುಪಡಿ ಉರುಳುವಾಗಿನ ಪ್ರತಿರೋಧ, ಒದ್ದೆ ನೆಲದ ಹಿಡಿತ ಮತ್ತು ಸದ್ದು ಈ ಮೂರಕ್ಕೂ ಎಐಎಸ್-142 ಮಾನದಂಡವನ್ನು ಅನ್ವಯಿಸಿತು.

ಯಾವ ಮಣ್ಣಿನಲ್ಲಿ ಓಡಿಸುವುದು ಎಂಬುದರ ಮೇಲೂ ಆಯ್ಕೆ ನಿಲ್ಲುತ್ತದೆ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿ ತೋಟಗಳ ದಾರಿಯಲ್ಲಿ ಮೇಲೆ ಜಾರುವ ಮಣ್ಣಿದ್ದರೂ ಕೆಳಗೆ ಸಾಮಾನ್ಯವಾಗಿ ಗಟ್ಟಿ ನೆಲವಿರುತ್ತದೆ. ಕರಾವಳಿಯ ಜಂಬಿಟ್ಟಿಗೆಯ ನೆಲವೂ ಅಂಥದೇ. ಇಲ್ಲಿ ನಡುತರದ ಎ/ಟಿ ಟೈರು ಸಾಕಾಗುತ್ತದೆ. ಧಾರವಾಡ, ಗದಗ, ಕಲಬುರಗಿ ಕಡೆಯ ಎರೆಮಣ್ಣಿನ ಕತೆ ಬೇರೆ. ಮಳೆ ಬಿದ್ದ ಎರೆ ಬಟನ್‌ಗಳ ಸಂದಿಗೆ ಮೆತ್ತಿಕೊಂಡು ಟೈರನ್ನು ನುಣ್ಣನೆಯ ಉರುಳೆ ಮಾಡಿಬಿಡುತ್ತದೆ. ಎಂ/ಟಿಯ ಅಗಲ ಕಾಲುವೆಗಳು ಅದನ್ನು ಸ್ವಲ್ಪ ಬೇಗ ಕೊಡವಿಕೊಳ್ಳುತ್ತವೆ, ಅಷ್ಟೆ. ಅಲ್ಲಿನ ರೈತರು ಮಾಡುವಂತೆ ಬಿಸಿಲಿಗೆ ಕಾಯುವುದು ಯಾವ ಟೈರಿಗಿಂತಲೂ ಭರವಸೆಯ ಉಪಾಯ. ವರ್ಷಕ್ಕೆ ನಾಲ್ಕು ಸಲ ಸಿಗುವ ಕೆಸರಿಗಾಗಿ ಎಂ/ಟಿ ಹಾಕಿಸಿ ಉಳಿದ ದಿನವೆಲ್ಲ ಹೆದ್ದಾರಿಯಲ್ಲಿ ಅದರ ಗದ್ದಲ ಕೇಳುವುದರಲ್ಲಿ ಅರ್ಥವಿಲ್ಲ.

ಅಳತೆ ಹೆಚ್ಚಿಸುವ ಆಸೆಗೂ ಮಿತಿ ಬೇಕು. ಜಿಮ್ನಿಯ ಮೂಲ ಟೈರಿನ ವ್ಯಾಸ 693 ಮಿ.ಮೀ. ಅದರ ಜಾಗಕ್ಕೆ 215/75 ಆರ್15 ಹಾಕಿದರೆ ವ್ಯಾಸ ಶೇ. 1.5ರಷ್ಟು ಏರುತ್ತದೆ, ಚಾಲಕನಿಗೆ ಅದು ಗೊತ್ತಾಗುವುದೂ ಕಷ್ಟ. 235/75 ಆರ್15 ಹಾಕಿದರೆ ಏರಿಕೆ ಶೇ. 5.8. ಆಗ ಮೀಟರಿನ ಲೆಕ್ಕದ ವೇಗಕ್ಕಿಂತ ನಿಜವಾದ ವೇಗ ಅಷ್ಟು ಪಾಲು ಹೆಚ್ಚಿರುತ್ತದೆ. ಏರಿನಲ್ಲಿ ಎಂಜಿನ್ ತಿಣುಕುತ್ತದೆ, ಮೈಲೇಜ್ ಇಳಿಯುತ್ತದೆ, ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಟೈರು ಮಡ್‌ಗಾರ್ಡಿಗೆ ಉಜ್ಜಲೂಬಹುದು. ಭಾರಸೂಚಿ ಮತ್ತು ಗರಿಷ್ಠ ವೇಗ ಸೂಚಿಸುವ ಅಕ್ಷರ ಮೂಲ ಟೈರಿನದಕ್ಕಿಂತ ಕೆಳಗಿಳಿಯಬಾರದು. ಸ್ಟೆಪ್ನಿಯೂ ಉಳಿದ ನಾಲ್ಕರ ಅಳತೆಯದೇ ಆಗಿರಬೇಕು: ಫೋರ್-ವೀಲ್ ಡ್ರೈವ್ ಹಾಕಿದಾಗ ಬೇರೆ ವ್ಯಾಸದ ಒಂದೇ ಒಂದು ಚಕ್ರವಿದ್ದರೂ ಗೇರುಗಳ ಮೇಲೆ ಅನಗತ್ಯ ಎಳೆತ ಬೀಳುತ್ತದೆ.

ಎಲ್ಲವನ್ನೂ ಸರಿಯಾಗಿ ಆರಿಸಿದ ಮೇಲೂ ಗಾಳಿ ತಪ್ಪಿದರೆ ಸುಖವಿಲ್ಲ. ಟೈರು ತಣ್ಣಗಿರುವಾಗ ಎಷ್ಟು ಗಾಳಿ ಇರಬೇಕೆಂಬುದು ಚಾಲಕನ ಬಾಗಿಲ ಬಳಿಯ ಪಟ್ಟಿಯಲ್ಲಿ ಅಚ್ಚಾಗಿರುತ್ತದೆ. ಟೈರಿನ ಪಕ್ಕೆಯ ಮೇಲೆ ಬರೆದ ಅಂಕಿ ಗರಿಷ್ಠ ಮಿತಿಯೇ ಹೊರತು ತುಂಬಬೇಕಾದ ಪ್ರಮಾಣವಲ್ಲ. ಪಂಕ್ಚರ್ ಅಂಗಡಿಯಲ್ಲಿ ದೊಡ್ಡ ಟೈರು ಕಂಡ ಕೂಡಲೇ 40 ಪಿಎಸ್‌ಐ ತುಂಬಿಬಿಡುವುದುಂಟು. ಎ/ಟಿ ಟೈರು ಗಡುಸು ಎಂಬ ದೂರುಗಳಲ್ಲಿ ಹಲವಕ್ಕೆ ಮೂಲ ಅಲ್ಲಿದೆ. ಕಚ್ಚಾದಾರಿಗೆ ಇಳಿದಾಗ ಒತ್ತಡವನ್ನು 20-25 ಪಿಎಸ್‌ಐಗೆ ಇಳಿಸಿದರೆ ಟೈರು ಕಲ್ಲುಗಳ ಮೇಲೆ ಮೆತ್ತಗೆ ಹರಡಿಕೊಳ್ಳುತ್ತದೆ, ಹಿಡಿತವೂ ಹೆಚ್ಚುತ್ತದೆ. ಮರಳಿನಲ್ಲಿ 15-18ರವರೆಗೂ ಇಳಿಸುತ್ತಾರೆ. ಇಷ್ಟು ಕಡಿಮೆ ಗಾಳಿಯಲ್ಲಿ ನಿಧಾನವಾಗಿ ಓಡಿಸಬೇಕು; ಜೋರಾಗಿ ತಿರುಗಿಸಿದರೆ ಟೈರು ರಿಮ್ಮಿನಿಂದ ಕಳಚಬಹುದು, ವೇಗವಾಗಿ ಓಡಿಸಿದರೆ ಪಕ್ಕೆ ಕಾದು ಹಾಳಾಗುತ್ತದೆ. ಡಾಂಬರಿಗೆ ಮರಳುವ ಮುನ್ನ ಗಾಳಿ ತುಂಬಿಕೊಳ್ಳಲು ಸಣ್ಣ ಕಂಪ್ರೆಸರ್ ಜತೆಗಿರಬೇಕು.

ಕೊಳ್ಳುವಾಗ ಪಕ್ಕೆಯ ಮೇಲಿನ ನಾಲ್ಕು ಅಂಕಿಗಳ ತಯಾರಿಕೆಯ ಗುರುತನ್ನು ನೋಡಬೇಕು. ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ. 1425 ಎಂದರೆ 2025ರ 14ನೆಯ ವಾರ. ಗೋದಾಮಿನಲ್ಲಿ ವರ್ಷಗಟ್ಟಲೆ ಕುಳಿತ ಟೈರಿನ ರಬ್ಬರು ಗಡುಸಾಗುತ್ತದೆ, ರಿಯಾಯಿತಿ ಎಷ್ಟೇ ಇರಲಿ. ಹಾಕಿಸುವಾಗ ಬ್ಯಾಲೆನ್ಸಿಂಗ್ ತಪ್ಪಿಸಬಾರದು: ಭಾರವಾದ ಟೈರಿನಲ್ಲಿ ಸಣ್ಣ ಅಸಮತೋಲವೂ ಸ್ಟಿಯರಿಂಗಿನಲ್ಲಿ ನಡುಕವಾಗಿ ಕಾಣಿಸಿಕೊಳ್ಳುತ್ತದೆ. ಕಾರು, ಜೀಪುಗಳ ಟೈರಿನ ಕಾಲುವೆಯ ಆಳ 1.6 ಮಿ.ಮೀ.ಗಿಂತ ಕಡಿಮೆ ಇರಬಾರದೆಂದು ನಿಯಮವಿದೆ. ಹೊಸದರಲ್ಲಿ ಸುಮಾರು 10-12 ಮಿ.ಮೀ. ಆಳವಿರುವ ಎ/ಟಿ ಟೈರು ಆ ಮಿತಿಗೆ ಬರುವ ಬಹಳ ಮೊದಲೇ, ಅರ್ಧಕ್ಕಿಂತ ಹೆಚ್ಚು ಸವೆದಾಗಲೇ, ಕೆಸರಿನಲ್ಲಿ ಹೆದ್ದಾರಿ ಟೈರಿನಂತೆ ಜಾರತೊಡಗುತ್ತದೆ.